ಚಿತ್ರಕ್ಕೊಂದು ಗೋಡೆ

ಚಿತ್ರವನ್ನು ಬರೆಯುವುದು ಒಂದು ಕೆಲಸ; ಬರೆದ ಚಿತ್ರವನ್ನು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಮಾಡುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಕುರಿತು ನಮ್ಮ ಚಿತ್ರಕಲೆಯ ತರಗತಿಗಳಲ್ಲಿ ಸಾಕಷ್ಟು ಪಾಠವಾಗುತ್ತದೆ. ರೇಖೆ, ಛಾಯೆ, ವರ್ಣಗಳ ಮೇಳ ಮೊದಲಾದುವು ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಗ್ರೇಡ್ ಪರೀಕ್ಷೆಗಳಿಗೆ ಕುಳಿತ ನಮ್ಮ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಸಂಗತಿಗಳು. ಎರಡನೆಯದನ್ನು ಕುರಿತು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಕವಿಯು ತನ್ನ ಪದ್ಯವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಎಲ್ಲಿ ಬೇಕಾದರೂ ಓದಬಹುದು. ಹಾಡುವವನಿಗೆ ಕಂಠವೊಂದಿದ್ದರೆ ಸಾಕು. ಚಿತ್ರಕಾರನಿಗೋ ಗೋಡೆ ಬೇಕು, ಗೋಡೆಯ ಮೇಲೆ ಬೆಳಕು ಬೀಳಬೇಕು, ಬಾಗಿಲು ತೆರೆದಿರಬೇಕು, ಬಾಗಿಲನ್ನು ದಾಟಿ ಬರುವವನಿಗೆ ನಿಂತು ನೋಡುವಷ್ಟು ಬಿಡುವಿರಬೇಕು.

ಹಿಂದಿನ ಕಾಲದಲ್ಲಿ ಈ ಗೋಡೆಯನ್ನು ಅರಸನು ಕೊಡುತ್ತಿದ್ದನು, ಇಲ್ಲವೆ ದೇವಾಲಯವು ಕೊಡುತ್ತಿತ್ತು. ಗೋಡೆಯೊಡನೆ ಅನ್ನವೂ ಬರುತ್ತಿತ್ತು, ಏನನ್ನು ಬರೆಯಬೇಕೆಂಬ ಅಪ್ಪಣೆಯೂ ಬರುತ್ತಿತ್ತು. ಆಶ್ರಯದಾತರು ಮರೆಯಾದ ಮೇಲೆ ಚಿತ್ರಕಾರನು ಸ್ವತಂತ್ರನಾದನು. ಸ್ವತಂತ್ರನಾದ ಒಡನೆಯೇ ಗೋಡೆಯಿಲ್ಲದವನೂ ಆದನು. ಈ ಇಕ್ಕಟ್ಟನ್ನು ಅವನು ಹೇಗೆ ಎದುರಿಸಿದನೆಂಬುದನ್ನು ಮೊದಲು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದಲ್ಲಿಯೂ, ಅನಂತರ ನಮ್ಮ ಮುಂಬಯಿಯಲ್ಲಿಯೂ ನೋಡೋಣ.

ಆಗಿನ ಪ್ಯಾರಿಸ್ಸಿನಲ್ಲಿ ಚಿತ್ರಕಾರನಿಗೆ ಹೆಸರು ಬರಬೇಕಾದರೆ ಇದ್ದ ಹೆಬ್ಬಾಗಿಲು ಒಂದೇ. ಅದಕ್ಕೆ ಸಲೋನ್ ಎಂದು ಹೆಸರು. ಸರಕಾರದ ಆಶ್ರಯದಲ್ಲಿ ನಡೆಯುತ್ತಿದ್ದ ಆ ಮಹಾಪ್ರದರ್ಶನಕ್ಕೆ ಚಿತ್ರಗಳನ್ನು ಆರಿಸಲು ಪರೀಕ್ಷಕ ಮಂಡಲಿಯೊಂದಿತ್ತು. ಮಂಡಲಿಯು ಒಪ್ಪಿದ ಚಿತ್ರಗಳನ್ನು ಲಕ್ಷಗಟ್ಟಲೆ ಜನರು ನೋಡುವರು. ತಿರಸ್ಕರಿಸಿದ ಚಿತ್ರಗಳು ಬಂದ ದಾರಿಯಲ್ಲೇ ಚಿತ್ರಕಾರನ ಮನೆಗೆ ಹಿಂದಿರುಗುವುವು. ಒಪ್ಪಿಗೆಯಾದರೂ ಕಷ್ಟ ತೀರಿತೆಂದು ಹೇಳುವಂತಿರಲಿಲ್ಲ. ನೆಲದಿಂದ ಚಾವಣಿಯವರೆಗೆ ಚೌಕಟ್ಟಿಗೆ ಚೌಕಟ್ಟು ತಾಗುವಂತೆ ತೂಗಿಹಾಕುತ್ತಿದ್ದುದರಿಂದ, ಹೆಸರಿಲ್ಲದ ತರುಣನ ಚಿಕ್ಕ ಚಿತ್ರವು ಚಾವಣಿಯ ಹತ್ತಿರ ಕುಳಿತರೆ ಅದನ್ನು ನೋಡಲು ದುರ್ಬೀನೇ ಬೇಕಾಗುತ್ತಿತ್ತು.

ಈ ಹೆಬ್ಬಾಗಿಲಿಗೆ ಬೆನ್ನು ತಿರುಗಿಸಿದವರಲ್ಲಿ ಗುಸ್ತಾವ್ ಕೂರ್ಬೆಯು ಪ್ರಸಿದ್ಧನು. 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅವನ ಕೆಲವು ಚಿತ್ರಗಳಿಗೆ ಸ್ಥಳ ದೊರೆಯಿತು. ಆದರೆ ಅವನು ಮುಖ್ಯವೆಂದು ಎಣಿಸಿದ್ದ, ತನ್ನ ಚಿತ್ರಶಾಲೆಯನ್ನೇ ವಸ್ತುವಾಗಿ ಮಾಡಿಕೊಂಡ ಬೃಹತ್ ಚಿತ್ರವು ತಿರಸ್ಕೃತವಾಯಿತು. ಕೂರ್ಬೆಯು ದೂರು ಹೇಳುತ್ತ ಕೂರಲಿಲ್ಲ. ಪ್ರದರ್ಶನದ ಸಮೀಪದಲ್ಲೇ ತನ್ನದೊಂದು ಮಂಟಪವನ್ನು ಕಟ್ಟಿಸಿ, ಸುಮಾರು 40 ಕೃತಿಗಳನ್ನು ತೂಗಿಹಾಕಿ, ಒಂದು ಫ್ರಾಂಕ್ ಪ್ರವೇಶಧನವನ್ನಿಟ್ಟನು. ಜನರು ಬರಲಿಲ್ಲ. ಶುಲ್ಕವನ್ನು ಅರ್ಧಕ್ಕೆ ಇಳಿಸಿದರೂ ಬರಲಿಲ್ಲ. ಹಿರಿಯ ಚಿತ್ರಕಾರನಾದ ದೆಲಕ್ರುವಾ ಆಗಸ್ಟ್ ತಿಂಗಳಲ್ಲೊಂದು ದಿನ ಅಲ್ಲಿಗೆ ಹೋಗಿ ಸುಮಾರು ಒಂದು ಗಂಟೆಯ ಕಾಲ ಇದ್ದು, ಅಷ್ಟು ಹೊತ್ತೂ ತಾನು ಒಬ್ಬನೇ ಅಲ್ಲಿದ್ದುದಾಗಿಯೂ, ತಿರಸ್ಕೃತವಾದ ಚಿತ್ರವು ಮೇರುಕೃತಿಯೆಂದು ತನಗೆ ತೋರಿದುದಾಗಿಯೂ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಗೋಡೆ ಇತ್ತು, ಬೆಳಕಿತ್ತು, ಬಾಗಿಲು ತೆರೆದಿತ್ತು. ನೋಡುಗನೊಬ್ಬನು ಮಾತ್ರ ಇದ್ದನು. ಆದರೆ ಎಂಥ ನೋಡುಗ!

1863ರಲ್ಲಿ ಸಲೋನಿನ ಮಂಡಲಿಯು ಮೂರರಲ್ಲಿ ಎರಡು ಪಾಲಿನಷ್ಟು ಚಿತ್ರಗಳನ್ನು ಹಿಂದಕ್ಕೆ ಕಳುಹಿಸಿತು. ಕೂಗು ಎಷ್ಟಾಯಿತೆಂದರೆ, ಚಕ್ರವರ್ತಿ ಮೂರನೆಯ ನೆಪೋಲಿಯನ್ನನು ತಿರಸ್ಕೃತರಿಗಾಗಿಯೇ ಬೇರೊಂದು ಪ್ರದರ್ಶನವನ್ನು ಏರ್ಪಡಿಸುವಂತೆ ಆಜ್ಞಾಪಿಸಬೇಕಾಯಿತು. ತಿರಸ್ಕೃತನೆಂಬ ಹಣೆಪಟ್ಟಿಯೊಡನೆ ಜನರ ಮುಂದೆ ನಿಲ್ಲಲು ನಾಚಿ ಅನೇಕರು ತಮ್ಮ ಕೃತಿಗಳನ್ನು ವಾಪಸು ಪಡೆದರು. ಉಳಿದವುಗಳನ್ನು ನೋಡಲು ಜನಸಂದಣಿಯೇನೋ ನೆರೆಯಿತು. ಬಂದವರಲ್ಲಿ ಹೆಚ್ಚಿನವರು ನಗುವುದಕ್ಕೆಂದೇ ಬಂದಿದ್ದರು. ಎದುವಾರ್ ಮಾನೆಯ ವನಭೋಜನದ ಚಿತ್ರವು ಈ ನಗೆಗೆ ಎಲ್ಲಕ್ಕಿಂತ ಹೆಚ್ಚಾಗಿ ಗುರಿಯಾಯಿತು. ಇನ್ನೊಬ್ಬರು ದಯೆಯಿಂದ ಕೊಟ್ಟ ಗೋಡೆಯಲ್ಲಿ ಚಿತ್ರಕಾರನಿಗೆ ಸ್ಥಳವಿರುತ್ತದೆ, ಗೌರವವಿರುವುದಿಲ್ಲವೆಂಬುದು ಆಗ ಹಲವರಿಗೆ ಮನದಟ್ಟಾಗಿರಬೇಕು.

ನಾವು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾದುದು ಮುಂದಿನ ಘಟನೆಯ ಬಳಿಯಲ್ಲಿ. 1873ರ ಡಿಸೆಂಬರಿನಲ್ಲಿ ಮೊನೆ, ಪಿಸ್ಸಾರೊ, ರೆನ್ವಾರ್, ದೆಗಾ, ಸಿಸ್ಲೆ, ಬೆರ್ತ್ ಮೊರಿಸೊ ಮೊದಲಾದವರು ಸೇರಿ ಒಂದು ಸಹಕಾರಿ ಸಂಘವನ್ನು ಸ್ಥಾಪಿಸಿದರು. ಅದರ ನಿಯಮಾವಳಿಗೆ ಪಿಸ್ಸಾರೊ ಮಾದರಿಯಾಗಿ ತಂದದ್ದು ಯಾವ ವಿದ್ವತ್ ಪರಿಷತ್ತಿನ ಕಟ್ಟಳೆಯನ್ನೂ ಅಲ್ಲ, ಪೊಂತ್ವಾಸ್ ಎಂಬ ಊರಿನ ರೊಟ್ಟಿ ಸುಡುವವರ ಸಂಘದ ಕರಾರುಗಳನ್ನು! ಪ್ರತಿಯೊಬ್ಬ ಸದಸ್ಯನ ವಾರ್ಷಿಕ ವಂತಿಗೆ 60 ಫ್ರಾಂಕ್. ಮಾರಾಟವಾದ ಚಿತ್ರದ ಬೆಲೆಯಲ್ಲಿ ನೂರಕ್ಕೆ ಹತ್ತು ಸಂಘಕ್ಕೆ. ಪರೀಕ್ಷಕ ಮಂಡಲಿ ಇಲ್ಲ, ಬಹುಮಾನವಿಲ್ಲ. ನಾದಾರ್ ಎಂಬ ಛಾಯಾಗ್ರಾಹಕನು ಬಿಟ್ಟುಹೋಗಿದ್ದ ಕೊಠಡಿಗಳು ಅವರಿಗೆ ದೊರೆತವು. 1874ರ ಏಪ್ರಿಲ್ 15ರಂದು, ಸಲೋನ್ ತೆರೆಯುವುದಕ್ಕೆ ಎರಡು ವಾರ ಮುಂಚಿತವಾಗಿಯೇ, 30 ಮಂದಿ ಚಿತ್ರಕಾರರ ಸುಮಾರು 165 ಕೃತಿಗಳ ಪ್ರದರ್ಶನವು ಅಲ್ಲಿ ಆರಂಭವಾಯಿತು. ಮೂವತ್ತು ಮಂದಿಯಲ್ಲಿ ಮಹಿಳೆ ಮೊರಿಸೊ ಒಬ್ಬಳೇ. ಮಿತ್ರನಾದ ಮಾನೆಯು ಮಾತ್ರ ಸಲೋನಿನ ಬಾಗಿಲನ್ನೇ ತಟ್ಟುತ್ತೇನೆಂದು ಇವರೊಡನೆ ಸೇರಲಿಲ್ಲ.

ಇವರು ಮಾಡಿಕೊಂಡ ಏರ್ಪಾಡುಗಳು ನೋಟಕ್ಕೆ ಸಣ್ಣವು. ನಮ್ಮ ಅಭಿಪ್ರಾಯದಲ್ಲಿ ಇವರ ಚಿತ್ರಗಳಷ್ಟೇ ಮಹತ್ತ್ವದವು. ಚಿತ್ರಗಳನ್ನು ಚಾವಣಿಯವರೆಗೆ ಪೇರಿಸದೆ, ಕಣ್ಣಿನ ಮಟ್ಟಕ್ಕೆ ಬರುವಂತೆ ಒಂದೆರಡು ಸಾಲುಗಳಲ್ಲಿ ಮಾತ್ರ ತೂಗಿಹಾಕಿದರು. ಈ ಕೆಲಸದ ಬಹುಭಾಗವು ರೆನ್ವಾರನ ಪಾಲಿಗೆ ಬಂದಿತು. ಪ್ರವೇಶಕ್ಕೆ ಒಂದು ಫ್ರಾಂಕ್, ಚಿತ್ರಪಟ್ಟಿಗೆ ಅರ್ಧ ಫ್ರಾಂಕ್. ಬೆಳಗ್ಗೆ 10ರಿಂದ ಸಂಜೆ 6ರವರೆಗೆ ತೆರೆದಿದ್ದ ಬಾಗಿಲನ್ನು ರಾತ್ರಿ 8ರಿಂದ 10ರವರೆಗೆ ಮತ್ತೆ ತೆರೆಯುತ್ತಿದ್ದರು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಗೆ ಓಡಿ ಬರುತ್ತಿದ್ದ ಮುಂಬಯಿ ಕನ್ನಡಿಗರ ಹಿಂದಿನ ತಲೆಮಾರಿಗೆ ಆ ಎರಡು ಗಂಟೆಗಳ ಬೆಲೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಚಿತ್ರಪಟ್ಟಿಯನ್ನು ಸಿದ್ಧಪಡಿಸುತ್ತಿದ್ದವನು ರೆನ್ವಾರನ ತಮ್ಮ. ಲ ಹಾವ್ರ್ ಬಂದರಿನ ಮಂಜಿನಲ್ಲಿ ಸೂರ್ಯನು ಮೂಡುತ್ತಿರುವ ಒಂದು ಚಿತ್ರಕ್ಕೆ ಹೆಸರೇನೆಂದು ಅವನು ಕೇಳಲು, ಮೊನೆಯು ‘ಇಂಪ್ರೆಷನ್’ ಎಂದು ಹಾಕಿಕೊಳ್ಳೆಂದನಂತೆ. ಮನಸ್ಸಿನ ಮೇಲೆ ಮೂಡಿದ ಮುದ್ರೆ ಎಂದು ಅದರ ತಾತ್ಪರ್ಯ. ಲೂಯಿ ಲೆರ್ವಾ ಎಂಬ ಪತ್ರಿಕಾಲೇಖಕನು ಆ ಮಾತನ್ನೇ ಹಿಡಿದುಕೊಂಡು, ಏಪ್ರಿಲ್ 25ರ ‘ಲ ಶಾರಿವಾರಿ’ ಎಂಬ ವಿನೋದ ಪತ್ರಿಕೆಯಲ್ಲಿ ಇವರನ್ನೆಲ್ಲ ಇಂಪ್ರೆಷನಿಸ್ಟರೆಂದು ಹಾಸ್ಯಮಾಡಿದನು. ಹಾಸ್ಯದ ಹೆಸರು ಇತಿಹಾಸದ ಹೆಸರಾಗಿ ನಿಂತಿತು. ಇವರನ್ನು ಹೊಗಳಿದ ಲೇಖನಗಳೂ ಆಗ ಬಾರದಿರಲಿಲ್ಲ. ಅವು ಜನರ ನೆನಪಿನಲ್ಲಿ ಉಳಿಯಲಿಲ್ಲ, ಅಷ್ಟೆ.

ಇನ್ನು ಲೆಕ್ಕದ ಮಾತು. ಒಂದು ತಿಂಗಳಲ್ಲಿ ಬಂದವರು ಸುಮಾರು 3,500 ಮಂದಿ. ಸಿಸ್ಲೆಗೆ 1,000 ಫ್ರಾಂಕ್ ದೊರೆತರೆ ಮೊನೆಗೆ ದೊರೆತದ್ದು 200. ಮೊರಿಸೊಗೆ ಏನೂ ದೊರೆಯಲಿಲ್ಲ. ಡಿಸೆಂಬರಿನಲ್ಲಿ ಸದಸ್ಯರು ರೆನ್ವಾರನ ಚಿತ್ರಶಾಲೆಯಲ್ಲಿ ಸೇರಿ ಜಮಾಖರ್ಚನ್ನು ನೋಡಿದಾಗ, ಸಾಲವನ್ನು ತೀರಿಸಲು ಪ್ರತಿಯೊಬ್ಬನೂ 184 ಫ್ರಾಂಕ್ 50 ಸಾಂತೀಮ್ ಕೊಡಬೇಕಾಗಿತ್ತು. ಸಂಘವನ್ನು ಅಲ್ಲೇ ವಿಸರ್ಜಿಸಿದರು. ಆ ಸೂರ್ಯೋದಯದ ಚಿತ್ರಕ್ಕೆ 800 ಫ್ರಾಂಕ್ ಕೊಟ್ಟು ಕೊಂಡುಕೊಂಡ ಶ್ರೀಮಂತನು ದಿವಾಳಿಯಾದ ಮೇಲೆ, 1878ರ ಹರಾಜಿನಲ್ಲಿ ಅದು ಹೋದದ್ದು 210 ಫ್ರಾಂಕಿಗೆ.

ಸಂಘವು ಮುರಿಯಿತೆಂದು ಕೆಲಸವು ನಿಲ್ಲಲಿಲ್ಲ. 1876ರಲ್ಲಿ ಎರಡನೆಯ ಪ್ರದರ್ಶನ ನಡೆಯಿತು. 1886ರೊಳಗೆ ಒಟ್ಟು ಎಂಟಾದವು. ಚಿತ್ರವ್ಯಾಪಾರಿಯಾದ ದ್ಯೂರಾಂ-ರ್ಯುಯೆಲ್ ಎಂಬವನು ತಾನೂ ಸಾಲದಲ್ಲಿ ಮುಳುಗಿಕೊಂಡು ಇವರ ಚಿತ್ರಗಳನ್ನು ಕೊಳ್ಳುತ್ತ ಬಂದು, 1886ರಲ್ಲಿ ಸುಮಾರು 300 ಚಿತ್ರಗಳನ್ನು ಹಡಗಿನಲ್ಲಿ ನ್ಯೂಯಾರ್ಕಿಗೆ ಸಾಗಿಸಿದನು. ತಾಯ್ನಾಡಿನಲ್ಲಿ ನಗೆಗೀಡಾದ ಚಿತ್ರಗಳಿಗೆ ಕಡಲಾಚೆಯಲ್ಲಿ ಗೋಡೆಗಳು ಸಿಕ್ಕಿದವು.

ಮುಂಬಯಿಯಲ್ಲಿ ಸರ್ ಜೆ. ಜೆ. ಕಲಾಶಾಲೆಯು 1857ರಲ್ಲಿಯೂ, ಬಾಂಬೆ ಆರ್ಟ್ ಸೊಸೈಟಿಯು 1888ರಲ್ಲಿಯೂ ಆರಂಭವಾದವು. ಸೊಸೈಟಿಯ ವಾರ್ಷಿಕ ಪ್ರದರ್ಶನವೇ ಬಹುಕಾಲ ಇಲ್ಲಿಯ ಹೆಬ್ಬಾಗಿಲಾಗಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ 1947ರಲ್ಲಿಯೇ ಆರು ಮಂದಿ ತರುಣರು ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಎಂಬ ಕೂಟವನ್ನು ಕಟ್ಟಿದರು: ಸೂಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ. ಇವರಲ್ಲಿ ಸೂಜಾ ಅವರು ಕಲಾಶಾಲೆಯಿಂದ ಹೊರಹಾಕಲ್ಪಟ್ಟವರು. ಹುಸೇನರು ಸಿನಿಮಾ ಫಲಕಗಳನ್ನು ಬರೆದು ಹೊಟ್ಟೆ ಹೊರೆದವರು. ಇಡೀ ಊರು ತಲೆಯೆತ್ತಿ ನೋಡುತ್ತಿದ್ದ ಆ ಫಲಕಗಳ ಮೇಲೆ ಅವರ ಹೆಸರು ಮಾತ್ರ ಇರುತ್ತಿರಲಿಲ್ಲ. ಆರಾ ಅವರು ಬಾಲ್ಯದಲ್ಲೇ ಸಿಕಂದರಾಬಾದಿನ ಕಡೆಯಿಂದ ಓಡಿಬಂದು, ಮನೆಗೆಲಸ ಮಾಡಿ, ಕಾರು ತೊಳೆದು ಬದುಕಿದವರು. ಇಂಥವರಿಗೆ ಗೋಡೆಯನ್ನು ಯಾರು ಕೊಡಬೇಕು?

ನೋಡಬಲ್ಲ ಕಣ್ಣುಳ್ಳ ಕೆಲವರು ಆಗ ಈ ನಗರದಲ್ಲಿದ್ದುದು ಅವರ ಭಾಗ್ಯ. ನಾಜಿಗಳ ಉಪಟಳದಿಂದ ಯುರೋಪನ್ನು ಬಿಟ್ಟು ಬಂದಿದ್ದ ಲ್ಯಾಂಗ್‌ಹ್ಯಾಮರ್, ಶ್ಲೆಸಿಂಗರ್, ಲೇಡನ್ ಎಂಬ ಮೂವರಲ್ಲಿ ಒಬ್ಬರು ಕಲಿಸಿದರು, ಒಬ್ಬರು ಕೊಂಡರು, ಒಬ್ಬರು ಪತ್ರಿಕೆಯಲ್ಲಿ ಬರೆದರು. ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯನ್ನಿಟ್ಟಿದ್ದ ಕೆಕೂ ಗಾಂಧಿಯವರು ತಮ್ಮ ಅಂಗಡಿಯಲ್ಲಿಯೇ ಈ ತರುಣರ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟರು. ಕಟ್ಟು ಕೊಳ್ಳಲು ಬಂದವನ ಕಣ್ಣಿಗೆ ಕಟ್ಟಿನೊಳಗಿನ ಚಿತ್ರವೂ ಬೀಳಬೇಕಷ್ಟೆ! 1949ರಲ್ಲಿ ರ‍್ಯಾಂಪಾರ್ಟ್ ರೋ ಎಂಬ ಬೀದಿಯಲ್ಲಿದ್ದ ಸೊಸೈಟಿಯ ಸಭಾಂಗಣದಲ್ಲಿ ಕೂಟದ ಪ್ರದರ್ಶನ ನಡೆಯಿತು. ಕೂಟವು ಬಹುಕಾಲ ಬಾಳಲಿಲ್ಲ. ಕೆಲವರು ಪರದೇಶಕ್ಕೆ ಹೋದರು.

ಈ ಕೂಟಕ್ಕೆ ಸೇರದಿದ್ದ ನಮ್ಮವರೊಬ್ಬರ ಹೆಸರನ್ನು ಇಲ್ಲಿ ಅಗತ್ಯವಾಗಿ ಹೇಳಬೇಕು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಗೆ ಬಂದು, ಜೆ. ಜೆ. ಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಭಾರತದ ಪ್ರಮುಖ ಚಿತ್ರಕಾರರಲ್ಲೊಬ್ಬರಾದರು. ಅವರ ಚಿತ್ರಗಳ ವಿಷಯವನ್ನು ಹಲವರು ಬಲ್ಲರು. ನಾವು ಹೇಳಹೊರಟಿರುವುದು ಬೇರೊಂದು ಉಪಕಾರವನ್ನು. ನಗರದ ಚಿತ್ರಕಾರರಿಗೆ ನೆಲೆಯಾದ ಒಂದು ಪ್ರದರ್ಶನಾಲಯವು ಬೇಕೆಂದು ಹೆಬ್ಬಾರರೂ ವಿಜ್ಞಾನಿ ಹೋಮಿ ಭಾಭಾ ಅವರೂ ಸರ್ ಕಾವಸ್‌ಜಿ ಜಹಾಂಗೀರರನ್ನು ಒತ್ತಾಯಿಸಿದರು. ಅದರ ಫಲವಾಗಿ 1952ರಲ್ಲಿ ಕಾಲಾಘೋಡಾದಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯು ತಲೆಯೆತ್ತಿತು. ಗೋಡೆಯ ಬೆಲೆಯನ್ನು ಬಲ್ಲ ಚಿತ್ರಕಾರನಿಗಲ್ಲದೆ ಇನ್ನೊಬ್ಬರ ಚಿತ್ರಕ್ಕೆ ಗೋಡೆ ಕಟ್ಟಿಸಬೇಕೆಂಬ ಯೋಚನೆಯು ಸುಲಭವಾಗಿ ಹೊಳೆಯದು.

ಆ ಗ್ಯಾಲರಿಯ ಬಾಗಿಲು ಇಂದಿಗೂ ನೋಡುಗರಿಗೆ ಉಚಿತವಾಗಿ ತೆರೆದಿದೆ. ಚಿತ್ರಕಾರನಿಗೆ ಮಾತ್ರ ಸರದಿಯಿದೆ. ಅರ್ಜಿ ಹಾಕಿ, ಆಯ್ಕೆಯಾಗಿ, ವರ್ಷಗಟ್ಟಲೆ ಕಾದ ಮೇಲೆ ಅವನಿಗೆ ದೊರೆಯುವುದು ಒಂದು ವಾರ. ಆ ವಾರಕ್ಕಾಗಿ ಅವನು ಗೋಡೆಯ ಬಾಡಿಗೆಯನ್ನು ಕೊಡಬೇಕು, ಕಟ್ಟು ಹಾಕಿಸಬೇಕು, ಟೆಂಪೋದಲ್ಲಿ ಚಿತ್ರಗಳನ್ನು ಸಾಗಿಸಬೇಕು, ಆಹ್ವಾನಪತ್ರಿಕೆಯನ್ನು ಅಚ್ಚು ಹಾಕಿಸಬೇಕು. ಒಂದು ಚಿತ್ರವೂ ಮಾರಾಟವಾಗದಿದ್ದರೆ ಎಲ್ಲವೂ ಕೈಯಿಂದಲೇ. ಈಗ ಮೊಬೈಲಿನ ಪರದೆಯ ಮೇಲೆ ಬಿಡಿಕಾಸು ಖರ್ಚಿಲ್ಲದೆ ಚಿತ್ರವನ್ನು ಲೋಕಕ್ಕೆಲ್ಲ ತೋರಿಸಬಹುದಲ್ಲವೆಂದು ವಿದ್ಯಾರ್ಥಿಗಳು ಕೇಳಬಹುದು. ತೋರಿಸಬಹುದು, ಅನೇಕರು ತೋರಿಸುತ್ತಲೂ ಇದ್ದಾರೆ. ಆದರೆ ಆರಡಿಯ ಚಿತ್ರವೂ ಅಂಗೈಯಗಲದ ಚಿತ್ರವೂ ಅಲ್ಲಿ ಒಂದೇ ಅಳತೆಯವಾಗುತ್ತವೆ. ಬಣ್ಣದ ದಪ್ಪ, ಕುಂಚ ಎಳೆದ ಜಾಡು ಕಾಣುವುದಿಲ್ಲ. ಬೆರಳು ಮುಂದಿನ ಚಿತ್ರಕ್ಕೆ ಜಾರಲು ಅರೆಗಳಿಗೆಯೂ ಬೇಡ.

ಗ್ಯಾಲರಿಯ ಸರದಿಗೆ ಕಾಯಲಾರದವರು ಅದರ ಹೊರಗಿನ ಕಾಲುದಾರಿಯಲ್ಲಿಯೇ ತಮ್ಮ ಚಿತ್ರಗಳನ್ನು ಒರಗಿಸಿಟ್ಟುಕೊಂಡು ಕುಳಿತಿರುತ್ತಾರೆ. ಅಲ್ಲಿ ಪರೀಕ್ಷಕ ಮಂಡಲಿಯೂ ಇಲ್ಲ, ಚಾವಣಿಯೂ ಇಲ್ಲ. ಚರ್ಚ್‌ಗೇಟಿನ ಗಾಡಿಗೆ ಓಡುವವರು ಚಿತ್ರಗಳ ಮುಂದೆಯೇ ಹಾದುಹೋಗುತ್ತಾರೆ, ನಿಲ್ಲುವವರು ಕೆಲವರೇ. ಮುಂದಿನ ಬಾರಿ ವಸ್ತುಸಂಗ್ರಹಾಲಯವನ್ನು ನೋಡಲು ಆ ಕಡೆಗೆ ಹೋಗುವ ನಮ್ಮ ಮಕ್ಕಳು ಗ್ಯಾಲರಿಯೊಳಕ್ಕೂ ಹೋಗಲಿ, ಅಲ್ಲಿಟ್ಟಿರುವ ಅಭಿಪ್ರಾಯದ ಪುಸ್ತಕದಲ್ಲಿ ಕನ್ನಡದಲ್ಲಿಯೇ ಎರಡು ಸಾಲು ಬರೆಯಲಿ. ಹೊರಗೆ ಬಂದ ಮೇಲೆ ಈ ಕಾಲುದಾರಿಯವರ ಬಳಿಯೂ ಒಂದು ಗಳಿಗೆ ನಿಲ್ಲಲಿ. ಜೂನಿನ ಮಳೆ ಹಿಡಿದಾಗ ಅವರು ಚಿತ್ರಗಳ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿರುತ್ತಾರೆ. ಯಾರಾದರೂ ನಿಂತರೆ, ಹಾಳೆಯ ಒಂದು ಮೂಲೆಯನ್ನು ಎತ್ತಿ ಹಿಡಿದು, ಅವರು ನೋಡಿ ಮುಗಿಸುವವರೆಗೆ ಹಾಗೆಯೇ ಹಿಡಿದುಕೊಂಡಿರುತ್ತಾರೆ.