ದತ್ತ ನೋಡದೆ ಉತ್ತರ ಹೇಳಿದ ಪಾಠ: ಹಿರಿಯರ ಕಾನೂನು ಒಂಬತ್ತನೇ ತರಗತಿಯಲ್ಲಿ

ಹಿನ್ನೆಲೆ

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಇಂಟರ್ನ್‌ಶಿಪ್‌ಗಾಗಿ ಸುಲೇಪೇಟದ ಒಂದು ಪ್ರೌಢಶಾಲೆಗೆ ಹೋಗಿದ್ದಾಗ ಸಮಾಜ ವಿಜ್ಞಾನದ ಶಿಕ್ಷಕರು ತರಬೇತಿಗೆ ಹೋದರು. ಆ ವಾರ ಅವರ ಅವಧಿಗಳಲ್ಲಿ ಕಾನೂನು ಸಾಕ್ಷರತೆಯ ಪಾಠ ಮಾಡುವಂತೆ ಮುಖ್ಯ ಶಿಕ್ಷಕರು ನನಗೆ ಹೇಳಿದರು. ವಿಷಯದ ಆಯ್ಕೆ ನನ್ನದೇ. ಹಿರಿಯ ನಾಗರಿಕರ ಕಾನೂನನ್ನು ಆರಿಸಿಕೊಂಡೆ. ಕಾರಣ ಸರಳ: ಆ ತರಗತಿಯ ಎಷ್ಟೋ ಮಕ್ಕಳ ಮನೆಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ತಂದೆತಾಯಿ ಹೈದರಾಬಾದ್, ಪುಣೆ, ಮುಂಬೈ ಕಡೆ ದುಡಿಯಲು ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುತ್ಯಾ, ಆಯಿ ಮತ್ತು ಮಕ್ಕಳು. ಪೂರ್ವಜ್ಞಾನ ಹೇರಳವಾಗಿದೆ ಎಂದು ಪಾಠಯೋಜನೆಯಲ್ಲಿ ಬರೆದೆ. ಅದು ನಿಜವಾಗಿತ್ತು, ನಾನು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿಯೇ.

ಮೊದಲ ಅವಧಿ

ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂದದ್ದು 2007ರಲ್ಲಿ. ಕರ್ನಾಟಕದಲ್ಲಿ ಜಾರಿಯಾದದ್ದು 2008ರ ಏಪ್ರಿಲ್ 1ರಿಂದ. ಕಪ್ಪುಹಲಗೆಯ ಮೇಲೆ ಮುಖ್ಯಾಂಶಗಳನ್ನು ಬರೆದೆ. 60 ವರ್ಷ ತುಂಬಿದವರು ಹಿರಿಯ ನಾಗರಿಕರು. ತಂದೆತಾಯಿಗೆ ಇಷ್ಟು ವಯಸ್ಸಾಗಿರಬೇಕೆಂಬ ನಿಯಮವೂ ಇಲ್ಲ. ತಮ್ಮ ದುಡಿಮೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕಲಾಗದವರು ಮಗ, ಮಗಳು, ವಯಸ್ಕ ಮೊಮ್ಮಕ್ಕಳಿಂದ ಜೀವನಾಂಶ ಕೇಳಬಹುದು. ಅರ್ಜಿ ಹೋಗುವುದು ಕೋರ್ಟಿಗಲ್ಲ, ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ. ಚಿಂಚೋಳಿ ತಾಲ್ಲೂಕಿನವರಿಗೆ ಅದು ಸೇಡಂನಲ್ಲಿದೆ. ನೋಟಿಸ್ ಜಾರಿಯಾದ ಮೇಲೆ 90 ದಿನಗಳಲ್ಲಿ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನೂ 30 ದಿನ. ಕಾಯ್ದೆ ಹಾಕಿರುವ ಮಿತಿ ತಿಂಗಳಿಗೆ 10,000 ರೂಪಾಯಿ. ಹಿರಿಯರನ್ನು ನೋಡಿಕೊಳ್ಳಬೇಕಾದವರೇ ಬೇಕೆಂದು ಎಲ್ಲೋ ಬಿಟ್ಟುಬಂದರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇಲ್ಲಿಯವರೆಗೆ ಪಾಠ ಯೋಜನೆಯಂತೆಯೇ ನಡೆಯಿತು. ಪದಗಳ ಬಗ್ಗೆ ಒಂದು ಮಾತು ಹೇಳಬೇಕು. 1948ರವರೆಗೆ ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕಚೇರಿ ಭಾಷೆ ಉರ್ದು. ಮಕ್ಕಳಿಗೆ ದಾವಾ, ಫೈಸಲಾ, ವಕೀಲ, ತಹಶೀಲು ಎಲ್ಲವೂ ಗೊತ್ತು. ಜೀವನಾಂಶ, ನ್ಯಾಯಮಂಡಳಿ, ವರ್ಗಾವಣೆ ಗೊತ್ತಿಲ್ಲ. ದಾನಪತ್ರ ಎಂದಾಗ ಸುಮ್ಮನಿದ್ದವರು ಬಕ್ಷೀಸು ಪತ್ರ ಎಂದ ಕೂಡಲೇ ತಲೆಯಾಡಿಸಿದರು. ಉಯಿಲು ಗೊತ್ತಿಲ್ಲ, ಮೃತ್ಯುಪತ್ರ ಗೊತ್ತು. ಪಾಠಯೋಜನೆಯ 'ಹೊಸ ಪದಗಳು' ಕಾಲಮನ್ನು ನಾನು ಬೆಂಗಳೂರಿನ ಪುಸ್ತಕ ನೋಡಿ ತುಂಬಿದ್ದೆ.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಟಿವಿಯಲ್ಲಿ ನೋಡಿದ್ದನ್ನು ಹೇಳಿದ. 2025ರ ಮಾರ್ಚ್‌ನಲ್ಲಿ ಸೇಡಂ ಶಾಸಕರೂ ಆದ ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲರು, ತಂದೆತಾಯಿಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟುಹೋಗುವ ಮಕ್ಕಳ ಹೆಸರಿಗಾದ ಆಸ್ತಿ ವರ್ಗಾವಣೆ ಮತ್ತು ವಿಲ್ ರದ್ದುಪಡಿಸಲು ಕ್ರಮ ಕೈಗೊಳ್ಳುವಂತೆ ಅಧಿಕಾರಿಗಳಿಗೆ ಸೂಚಿಸಿದ್ದರು. ಬೆಳಗಾವಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯೊಂದರಲ್ಲೇ ಇಂಥ 150ಕ್ಕೂ ಹೆಚ್ಚು ಪ್ರಕರಣಗಳಿದ್ದವೆಂದು ಆಗ ವರದಿಯಾಗಿತ್ತು. ಹುಡುಗ ಅದನ್ನು ಒಂದೇ ಮಾತಿಗೆ ಇಳಿಸಿದ: "ಸರ್ಕಾರ ಹೊಲ ವಾಪಸ್ ಕೊಡಸ್ತದ್ರಿ ಟೀಚರ್."

ಕಿಟಕಿಯ ಪಕ್ಕದ ಹುಡುಗಿ ಎದ್ದು ನಿಂತಳು. "ನಮ್ಮ ಆಯಿ ದೊಡ್ಡಪ್ಪಗ ಹೊಲ ಬಕ್ಷೀಸು ಮಾಡ್ಯಾಳ್ರಿ. ಈಗ ಅವರು ನೋಡಂಗಿಲ್ಲ, ನಮ್ಮನ್ಯಾಗ ಅದಾಳ. ಹೊಲ ವಾಪಸ್ ಬರ್ತದೇನ್ರಿ?"

ಬರುತ್ತದೆ, ಅದಕ್ಕೆ 23ನೇ ಕಲಂ ಇದೆ ಎಂದೆ. ಗಂಟೆ ಹೊಡೆಯಿತು. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕ ಶಿಕ್ಷಕರು 'ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ ಉತ್ತಮ' ಎಂದು ಬರೆದರು.

ಮರುದಿನ ಬೆಳಿಗ್ಗೆ

ಪ್ರಾರ್ಥನೆಗೆ ಮೊದಲೇ ಆ ಹುಡುಗಿಯ ತಂದೆ ಬಂದಿದ್ದರು. ಅಂದಿನ ಕೂಲಿ ಬಿಟ್ಟು ಬಂದದ್ದೆಂದು ಆಮೇಲೆ ತಿಳಿಯಿತು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ನಾಲ್ಕು ಮಡಿಕೆಯ ಕಾಗದ. "ಹೊಲ ಬರ್ತದಂತ ಹೇಳೀರಂತಲ್ರಿ ಟೀಚರ್. ಅರ್ಜಿ ಎಲ್ಲಿ ಕೊಡಬೇಕು?" ರಾತ್ರಿಯೆಲ್ಲ ಮನೆಯಲ್ಲಿ ಅದೇ ಮಾತಂತೆ. ದೊಡ್ಡಪ್ಪನ ಮನೆಗೂ ಸುದ್ದಿ ಮುಟ್ಟಿತ್ತು.

ಅದೃಷ್ಟಕ್ಕೆ ಆ ರಾತ್ರಿ ನಾನೂ ಸುಮ್ಮನೆ ಕೂತಿರಲಿಲ್ಲ. ಎರಡನೇ ದಿನದ ಟಿಪ್ಪಣಿಗಾಗಿ 23ನೇ ಕಲಮಿನ ಪೂರ್ಣ ಪಾಠ ಓದಿದಾಗ ಹೊಟ್ಟೆಯಲ್ಲಿ ತಣ್ಣಗಾಗಿತ್ತು. ಆ ಕಲಂ ಹೇಳುವುದು ಹೀಗೆ: ಕಾಯ್ದೆ ಜಾರಿಯಾದ ಮೇಲೆ ಹಿರಿಯ ನಾಗರಿಕರೊಬ್ಬರು ದಾನವಾಗಿಯೋ ಬೇರೆ ರೀತಿಯಲ್ಲೋ ಆಸ್ತಿ ವರ್ಗಾಯಿಸಿರಬೇಕು. ಪಡೆದವರು ಅವರ ಮೂಲ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತು ಆ ವರ್ಗಾವಣೆಗೆ ಇರಬೇಕು. ಪಡೆದವರು ಆ ಷರತ್ತನ್ನು ಪಾಲಿಸಿರಬಾರದು. ಆಗ ಆ ವರ್ಗಾವಣೆ ವಂಚನೆ ಅಥವಾ ಒತ್ತಡದಿಂದ ಆದದ್ದೆಂದು ಭಾವಿಸಿ, ಕೊಟ್ಟವರು ಬಯಸಿದರೆ ನ್ಯಾಯಮಂಡಳಿ ಅದನ್ನು ಅನೂರ್ಜಿತವೆಂದು ಘೋಷಿಸಬಹುದು.

ಷರತ್ತು ಎಂಬ ಒಂದೇ ಪದವನ್ನು ನಾನು ಬಿಟ್ಟಿದ್ದೆ.

ಮುಖ್ಯ ಶಿಕ್ಷಕರ ಕೋಣೆಯಲ್ಲಿ ಕಾಗದ ಬಿಚ್ಚಿ ಓದಿದೆವು. ಅಣ್ಣನಿಗೆ ಹೊಲ ಕೊಟ್ಟದ್ದು ಪ್ರೀತಿ ವಿಶ್ವಾಸದಿಂದ ಎಂದಿತ್ತು. ನೋಡಿಕೊಳ್ಳಬೇಕೆಂಬ ಮಾತು ಎಲ್ಲಿಯೂ ಇರಲಿಲ್ಲ. ನಾನು ಹೇಳಿದ್ದು ತಪ್ಪು, ಈ ಕಾಗದದಿಂದ ಹೊಲ ಬರುತ್ತದೆಂದು ಹೇಳಲಾಗದು ಎಂದು ಅವರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ಆದರೆ ಜೀವನಾಂಶಕ್ಕೆ ಬಕ್ಷೀಸು ಪತ್ರದ ಹಂಗಿಲ್ಲ. ಹೊಲ ಕೊಟ್ಟಿರಲಿ ಬಿಟ್ಟಿರಲಿ, ತಾಯಿ ಸೇಡಂನಲ್ಲಿ ಅರ್ಜಿ ಹಾಕಬಹುದು. ಅವರಿಗೆ ಹೋಗಲಾಗದಿದ್ದರೆ ಅವರು ಒಪ್ಪಿ ಕಳಿಸಿದ ಬೇರೆಯವರೂ ಹಾಕಬಹುದು. ಕಾಗದವನ್ನು ವಕೀಲರಿಗೆ ತೋರಿಸಲು ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ದೂರವಾಣಿ 15100. ಹಿರಿಯರ ಸಹಾಯವಾಣಿ 14567. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವರು ಒಂದೇ ಪ್ರಶ್ನೆ ಕೇಳಿದರು: "ಅಣ್ಣ ಒಬ್ಬನೇ ಕೊಡಬೇಕೋ, ನಾನೂ ಕೊಡಬೇಕಾಗ್ತದೋ?" ಕಾಯ್ದೆಯ ಕಣ್ಣಿಗೆ ಇಬ್ಬರೂ ಮಕ್ಕಳೇ ಎಂದೆ.

ಎರಡನೇ ಅವಧಿ: ತಿದ್ದುಪಡಿ

ತಪ್ಪನ್ನು ತರಗತಿಯಲ್ಲೇ ತಿದ್ದಬೇಕೆಂದು ಮಾರ್ಗದರ್ಶಕರು ಹೇಳಿದರು. ಯಾರ ಮನೆಯ ಮಾತೂ ಎತ್ತದೆ ತಿದ್ದಬೇಕೆಂದೂ ಸೇರಿಸಿದರು. ನನಗೆ ಗೊತ್ತಿರುವುದು ರೇಖಾಗಣಿತ. ಹಲಗೆಯ ಎಡಗಡೆ 'ದತ್ತ', ಬಲಗಡೆ 'ಸಾಧನೀಯ' ಎಂದು ಬರೆದೆ. ದತ್ತವಿಲ್ಲದೆ ಪ್ರಮೇಯ ಸಾಧಿಸಲು ಹೊರಟರೆ ಏನಾಗುತ್ತದೆಂದು ಕೇಳಿದೆ. "ಗುಂಡಾ ಕೊಡ್ತೀರಿ" ಎಂದರು. ಹಾಗಾದರೆ ನಿನ್ನೆ ನನಗೆ ಗುಂಡಾ ಎಂದೆ.

ಎರಡು ಮಾದರಿ ಕಾಗದ ತಯಾರಿಸಿದ್ದೆ, ಎರಡೂ ಕಾಲ್ಪನಿಕ. ಒಂದರಲ್ಲಿ ತಾಯಿ ಪ್ರೀತಿಯಿಂದ ಮಗನಿಗೆ ಎರಡು ಎಕರೆ ಕೊಡುತ್ತಾಳೆ, ಅಷ್ಟೇ. ಇನ್ನೊಂದರಲ್ಲಿ ಜೀವ ಇರುವವರೆಗೆ ಊಟ, ಬಟ್ಟೆ, ಔಷಧ, ವಸತಿ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಡುತ್ತಾಳೆ. ಯಾವುದರಲ್ಲಿ ದತ್ತ ಪೂರ್ಣವಾಗಿದೆ ಎಂದು ಗುಂಪುಗಳು ಹುಡುಕಬೇಕು. ಐದು ನಿಮಿಷದಲ್ಲಿ ಹುಡುಕಿದರು.

ಮೃತ್ಯುಪತ್ರವನ್ನೂ ಪಕ್ಕದಲ್ಲಿಟ್ಟೆ. ಟಿವಿ ಸುದ್ದಿಯಲ್ಲಿ ಎರಡೂ ಕಲಸಿಹೋಗಿದ್ದವು. ಮೃತ್ಯುಪತ್ರ ಬರೆದವರು ಬದುಕಿರುವಷ್ಟು ದಿನ ತಾವೇ ಬದಲಿಸಬಹುದು, ಹರಿದೂ ಹಾಕಬಹುದು, ಅದಕ್ಕೆ ನ್ಯಾಯಮಂಡಳಿ ಬೇಕಿಲ್ಲ. ಬಕ್ಷೀಸು ಪತ್ರ ನೋಂದಣಿಯಾದರೆ ಆಸ್ತಿ ಆಗಲೇ ಕೈಬಿಟ್ಟಂತೆ.

ಎರಡು ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಕಥೆಯಾಗಿ ಹೇಳಿದೆ. ಮೊದಲನೆಯದು ಹರಿಯಾಣದ ಗುರುಗ್ರಾಮದ ತಾಯಿಯದು, 2022ರ ಡಿಸೆಂಬರ್‌ನಲ್ಲಿ ತೀರ್ಮಾನವಾದದ್ದು. ಹಕ್ಕುಬಿಡುಗಡೆ ಪತ್ರದಲ್ಲಿ ಷರತ್ತು ಇರಲಿಲ್ಲ, ಇತ್ತೆಂದು ಅರ್ಜಿಯಲ್ಲೂ ಹೇಳಿರಲಿಲ್ಲ. ಹಿರಿಯರು ಎಷ್ಟೋ ಸಲ ಏನನ್ನೂ ಬಯಸದೆ ಪ್ರೀತಿಯಿಂದಲೇ ಕೊಡುತ್ತಾರೆ, ಆದ್ದರಿಂದ ಷರತ್ತು ಇತ್ತೆಂದು ಸುಮ್ಮನೆ ಊಹಿಸಲಾಗದು ಎಂಬ ಕಾರಣ ಕೊಟ್ಟು ಕೋರ್ಟು ನ್ಯಾಯಮಂಡಳಿಯ ಆದೇಶ ತೆಗೆದುಹಾಕಿತು. ಎರಡನೆಯದು ಮಧ್ಯಪ್ರದೇಶದ ಛತ್ತರಪುರದ ತಾಯಿಯದು, 2025ರ ಜನವರಿ 2ರದ್ದು. ದಾನಪತ್ರದ ಜತೆಗೆ, ತಾಯಿಯನ್ನು ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ಬೇರೆ ವಚನಪತ್ರವೂ ಇತ್ತು. ಇದು ಹಿರಿಯರ ಹಿತಕ್ಕಾಗಿ ಬಂದ ಕಾಯ್ದೆ, ಉದಾರವಾಗಿ ಓದಬೇಕು ಎಂದ ಕೋರ್ಟು ದಾನಪತ್ರ ರದ್ದುಪಡಿಸಿ ಆಸ್ತಿಯನ್ನು ತಾಯಿಗೆ ಕೊಡಿಸಿತು. "ಹಂಗಾದ್ರ ಷರತ್ತು ಬ್ಯಾರೆ ಹಾಳ್ಯಾಗ ಇದ್ರೂ ನಡೀತದ" ಎಂದು ಒಬ್ಬ ಹುಡುಗ ತಾನೇ ಹೇಳಿದ. ಆ ವಾಕ್ಯಕ್ಕೆ ನಾನು ಯೋಜನೆಯಲ್ಲಿ ಹತ್ತು ನಿಮಿಷ ಇಟ್ಟಿದ್ದೆ.

ಮೂರನೇ ಅವಧಿ: ನ್ಯಾಯಮಂಡಳಿಯ ಅಭಿನಯ

ಪಾತ್ರಗಳು: ಉಪವಿಭಾಗಾಧಿಕಾರಿ, ತಾಯಿ, ಮಗ, ಸೊಸೆ, ಹೇಳಿಕೆ ಬರೆದುಕೊಳ್ಳುವವ. ವಕೀಲನ ಪಾತ್ರವನ್ನು ಬೇಕೆಂದೇ ಬಿಟ್ಟಿದ್ದೆ. ಕಾಯ್ದೆಯ 17ನೇ ಕಲಂ ಈ ಮಂಡಳಿಯಲ್ಲಿ ವಕೀಲರು ಬೇಡ ಎನ್ನುತ್ತದೆ. ಕೇರಳ ಹೈಕೋರ್ಟ್ 2021ರಲ್ಲಿ ಇದನ್ನು ಒಪ್ಪಿಲ್ಲ. ಆ ಚರ್ಚೆ ಒಂಬತ್ತನೇ ತರಗತಿಗೆ ಬೇಕಿಲ್ಲವೆಂದು ಬಿಟ್ಟೆ.

ನಾನು ಮಹತ್ವ ಕೊಡದೆ ಇಟ್ಟಿದ್ದ ಪಾತ್ರವೇ ಪಾಠವನ್ನು ಎತ್ತಿತು. ತಾಯಿಯ ಪಾತ್ರದ ಹುಡುಗಿ ಮಾತನಾಡುವಾಗ ಬರೆದುಕೊಳ್ಳುವವನು 'ತಾಯಿ ಅಳುತ್ತಾ ಮಗ ಕೆಟ್ಟವನು ಎಂದಳು' ಎಂದು ಬರೆದ. ಓದಿಸಿದಾಗ ಆಕೆ, "ನಾ ಹಂಗ ಅಂದೇ ಇಲ್ಲ. ಎರಡು ವರ್ಷದಿಂದ ಗುಳಿಗಿ ತಂದಿಲ್ಲ ಅಂದೀನಿ" ಎಂದು ಜಗಳಕ್ಕೆ ನಿಂತಳು. ಕೋರ್ಟಿನಲ್ಲಿ ಹೇಳಿಕೆ ಬರೆದುಕೊಳ್ಳುವುದೇ ಒಂದು ಉದ್ಯೋಗ, ಶೀಘ್ರಲಿಪಿಗಾರರು ಇದಕ್ಕೆಂದೇ ಪರೀಕ್ಷೆ ಪಾಸು ಮಾಡಿರುತ್ತಾರೆ ಎಂದು ವಿವರಿಸಿದೆ. ಸಾಕ್ಷಿ ನುಡಿದದ್ದನ್ನು ಬರೆದ ಮೇಲೆ ಅದನ್ನು ಸಾಕ್ಷಿಗೇ ಓದಿ ಹೇಳಬೇಕು, ತಪ್ಪೆಂದರೆ ಅದನ್ನು ದಾಖಲಿಸಿಕೊಳ್ಳಬೇಕು ಎಂಬ ನಿಯಮವನ್ನೂ ಹೇಳಿದೆ. ಆಮೇಲೆ ಪ್ರತಿ ಹೇಳಿಕೆಯನ್ನೂ ಗಟ್ಟಿಯಾಗಿ ಓದಿಸಿದೆವು. ಅಭಿನಯ ನಿಧಾನವಾಯಿತು, ಗಲಾಟೆ ಕಡಿಮೆಯಾಯಿತು.

ಸೊಸೆಯ ಪಾತ್ರದವಳು ಕೊನೆಗೆ ಕೇಳಿದಳು: "ಮನಿ ಅತ್ತಿಗೆ ವಾಪಸ್ ಕೊಟ್ರ ನಾ ಎಲ್ಲಿ ಹೋಗ್ಲಿ?" ಈ ಪ್ರಶ್ನೆ ಬೆಂಗಳೂರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2020ರ ಡಿಸೆಂಬರ್ 15ರಂದು ಬಂದ ತೀರ್ಪಿನ ಪ್ರಕಾರ, ಕೌಟುಂಬಿಕ ದೌರ್ಜನ್ಯದಿಂದ ರಕ್ಷಿಸುವ 2005ರ ಕಾಯ್ದೆ ಸೊಸೆಗೆ ಕೊಟ್ಟ ವಸತಿಯ ಹಕ್ಕನ್ನು ಹಿರಿಯರ ಕಾಯ್ದೆ ತೋರಿಸಿ ಅಳಿಸಲಾಗದು, ಎರಡನ್ನೂ ಹೊಂದಿಸಿ ಓದಬೇಕು. ನಾನು ಇದನ್ನು ಮೊದಲೇ ಓದಿಕೊಂಡಿರದಿದ್ದರೆ ಎರಡನೇ ಗುಂಡಾ ಬೀಳುತ್ತಿತ್ತು.

ಮೌಲ್ಯಮಾಪನದ ಬಗ್ಗೆ

ಘಟಕ ಪರೀಕ್ಷೆಯಲ್ಲಿ 'ಕಾಯ್ದೆ ಯಾವ ವರ್ಷದ್ದು' ಎಂಬ ಪ್ರಶ್ನೆ ತೆಗೆದು, ಹೊಸ ಮಾದರಿ ಕಾಗದ ಕೊಟ್ಟು 'ದತ್ತದಲ್ಲಿ ಏನು ಕೊರತೆ? ಈ ಅಜ್ಜಿ ಎಲ್ಲಿಗೆ, ಏನು ಕೇಳಿ ಹೋಗಬಹುದು?' ಎಂದು ಕೇಳಿದೆ. ಮೊದಲನೆಯದಕ್ಕೆ ಹೆಚ್ಚಿನವರು ಸರಿಯಾಗಿ ಬರೆದರು. ಎರಡನೆಯದಕ್ಕೆ ಅರ್ಧದಷ್ಟು ಮಕ್ಕಳು 'ಪೊಲೀಸ್ ಠಾಣೆ' ಎಂದೇ ಬರೆದರು. ಸೇಡಂನ ಕಚೇರಿಯನ್ನು ನಕ್ಷೆಯಲ್ಲಿ ತೋರಿಸದೆ ಬಾಯಲ್ಲಿ ಹೇಳಿ ಬಿಟ್ಟದ್ದು ನನ್ನ ದೋಷ. ಮುಂದೆ ಈ ಪಾಠ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಅರ್ಜಿಯ ನಮೂನೆಯೊಂದನ್ನು ತುಂಬಿಸುವ ಚಟುವಟಿಕೆ ಸೇರಿಸಿಕೊಳ್ಳಬೇಕು. ಮಕ್ಕಳ ಮನೆಯ ಕಾಗದವನ್ನು ಮಾತ್ರ ತರಿಸಬಾರದು.

ನಾನು ತರಿಸಲಿಲ್ಲ. ಆದರೆ ಇಂಟರ್ನ್‌ಶಿಪ್ ಮುಗಿಯುವ ದಿನ ಆ ಹುಡುಗಿ ಬಂದು, ತಾನು ಮನೆಯಲ್ಲಿ ಬಕ್ಷೀಸು ಪತ್ರವನ್ನು ಆಯಿಗೆ ಓದಿ ಹೇಳಿದೆ ಎಂದಳು. ಓದಿಸಿ ಕೇಳಿ ಒಪ್ಪಿದ್ದೇನೆಂದು ಕಾಗದದ ಕೊನೆಯಲ್ಲಿ ಇತ್ತು, ಕೆಳಗೆ ಆಯಿಯ ಹೆಬ್ಬೆಟ್ಟೂ ಇತ್ತು. ಆದರೆ ಆಯಿ ಅದನ್ನು ಕೇಳಿದ್ದು ಈಗಲೇ ಮೊದಲ ಸಲವಂತೆ. ಪೂರ್ತಿ ಕೇಳಿದ ಮೇಲೆ, "ಇದರಾಗ ನನ್ನ ಕೂಳಿನ ಮಾತೇ ಇಲ್ಲಲ್ಲ" ಎಂದಳಂತೆ. ಸೇಡಂಗೆ ಹೋಗುವ ಮೊದಲು ದೊಡ್ಡ ಮಗನನ್ನೇ ಒಮ್ಮೆ ಕರೆದು ಕೇಳುತ್ತೇನೆ ಎಂದಿದ್ದಾಳೆ. ಇರುವ ಮನೆ ಇನ್ನೂ ಆಯಿಯ ಹೆಸರಿನಲ್ಲೇ ಇದೆ. ಅದನ್ನು ಸಣ್ಣ ಮಗನಿಗೆ, ಅಂದರೆ ಈ ಹುಡುಗಿಯ ಅಪ್ಪನಿಗೆ, ಬರೆದುಕೊಡುವ ಮಾತು ಮೊದಲಿನಿಂದಲೂ ಇತ್ತಂತೆ.

"ಆ ಕಾಗದದಾಗ ಷರತ್ತು ಹಾಕಸ್ತೀನಿ, ನೀನೇ ಓದಿ ನೋಡಬೇಕು ಅಂದಾಳ್ರಿ" ಎಂದು ಹುಡುಗಿ ನಕ್ಕಳು. ಅಪ್ಪ ಏನಂದರು ಎಂದು ಕೇಳಿದೆ. ಅಪ್ಪ ನಗಲಿಲ್ಲ ಎಂದಳು.