ಆಟಗಳಲ್ಲಿ ಪಾಠಾಂತರ

ಗ್ರಂಥಸಂಪಾದನೆಯ ಪಾಠದಲ್ಲಿ 'ಪಾಠಾಂತರ' ಎಂಬ ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. ಒಂದೇ ಕಾವ್ಯದ ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡರೆ, ಒಂದರಲ್ಲಿರುವ ಪದ್ಯ ಇನ್ನೊಂದರಲ್ಲಿರುವುದಿಲ್ಲ. ಒಂದು ಸೀಮೆಯ ಪ್ರತಿಯಲ್ಲಿರುವ ಶಬ್ದ ಮತ್ತೊಂದು ಸೀಮೆಯ ಪ್ರತಿಯಲ್ಲಿ ಬೇರೆಯಾಗಿರುತ್ತದೆ. ಸಂಪಾದಕನು ಒಂದನ್ನು ಮೇಲಕ್ಕೆ ತೆಗೆದುಕೊಂಡು ಉಳಿದುವನ್ನು ಅಡಿಟಿಪ್ಪಣಿಗೆ ಇಳಿಸುತ್ತಾನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮನೆಯಲ್ಲಿ ಓಲೆಗರಿಯಾಗಲಿ ಅಚ್ಚಿನ ಕಾವ್ಯವಾಗಲಿ ಇರಲಿಲ್ಲ, ಆಟಗಳಿದ್ದವು. ಆದುದರಿಂದ ಈ ಪಾರಿಭಾಷಿಕ ಶಬ್ದ ನನಗೆ ಮನದಟ್ಟಾದುದು ಆಟಗಳ ಮೂಲಕ. ಅದರಲ್ಲಿಯೂ ಮುಖ್ಯವಾಗಿ, ಕೈ ಬೀಸಿ ಆಡುವ ವೀಡಿಯೊ ಆಟಗಳ ಮೂಲಕ. ಅವುಗಳಲ್ಲಿಯೂ ಸೀಮೆಗೊಂದು ಪಾಠವಿದೆ, ಆಡದೆ ಉಳಿದ ಭಾಗಗಳಿವೆ. ಅವು ಏಕೆ ಹುಟ್ಟುತ್ತವೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ಬಗೆಯ ಆಟಗಳನ್ನು ಮನೆಮನೆಗೆ ತಂದುದು ಜಪಾನಿನ ನಿಂಟೆಂಡೊ ಸಂಸ್ಥೆಯ 'ವೀ' ಎಂಬ ಯಂತ್ರ. ಅದು ೨೦೦೬ರ ನವೆಂಬರಿನಲ್ಲಿ ಅಮೆರಿಕದಲ್ಲಿಯೂ, ಡಿಸೆಂಬರಿನಲ್ಲಿ ಜಪಾನ್ ಮತ್ತು ಯೂರೋಪುಗಳಲ್ಲಿಯೂ ಮಾರಾಟಕ್ಕೆ ಬಂದಿತು. ಬೆಂಗಳೂರಿನಲ್ಲಿರುವ ನಮ್ಮ ದೊಡ್ಡಪ್ಪನ ಮಗನ ಮನೆಯಲ್ಲಿ ಅಂಥದೊಂದು ಹಳೆಯ ಯಂತ್ರವಿದೆ. ರಜೆಯಲ್ಲಿ ನಾನು ಆಡಿದುದು ಅಲ್ಲಿಯೇ. ಅದರ ರಿಮೋಟಿನ ಒಳಗೆ ವೇಗದ ಏರಿಳಿತವನ್ನು ಮೂರು ದಿಕ್ಕುಗಳಲ್ಲಿ ಅಳೆಯುವ ಸಣ್ಣ ಸಾಧನವೊಂದಿದೆ. ತುದಿಯಲ್ಲಿ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಕಾಣಬಲ್ಲ ಕ್ಯಾಮೆರಾ ಇದೆ. ಟಿ.ವಿ.ಯ ಬಳಿ ಇಡುವ ಪಟ್ಟಿಯನ್ನು ಎಲ್ಲರೂ 'ಸೆನ್ಸರ್' ಎಂದು ಕರೆಯುತ್ತಾರೆ. ವಾಸ್ತವವಾಗಿ ಅದು ಏನನ್ನೂ ಗ್ರಹಿಸುವುದಿಲ್ಲ, ಎರಡು ಕಡೆ ದೀಪ ಹಚ್ಚಿಕೊಂಡು ಸುಮ್ಮನೆ ಕುಳಿತಿರುತ್ತದೆ; ನೋಡುವ ಕೆಲಸವೆಲ್ಲ ಕೈಯಲ್ಲಿರುವ ರಿಮೋಟಿನದು. ಇಷ್ಟಾದರೂ ಬೀಸುವಾಗ ಅದು ಕೈ ಎಲ್ಲಿದೆಯೆಂದು ಅರಿಯದು. ಎಷ್ಟು ಜೋರಾಗಿ ಜಗ್ಗಿತು, ಎತ್ತ ವಾಲಿತು ಎಂಬಷ್ಟನ್ನೇ ಅರಿಯುವುದು. ಕುರ್ಚಿಯಲ್ಲಿ ಕುಳಿತು ಬರಿಯ ಮಣಿಕಟ್ಟನ್ನು ಕೊಡವಿದರೂ ಟೆನಿಸ್ ಚೆಂಡು ಹಾರುವುದು ಇದರಿಂದಲೇ. ಅಂತೂ ಇಲ್ಲಿ ಆಡುವವನ ಮೈಯೇ ಪಠ್ಯದ ಒಂದು ಭಾಗ. ಮೈ ಬೇರೆಯಾದರೆ ಪಾಠವೂ ಬೇರೆಯಾಗಬೇಕಾಗುತ್ತದೆ.

ಇದಕ್ಕೆ 'ದಿ ಲೆಜೆಂಡ್ ಆಫ್ ಜೆಲ್ಡಾ: ಟ್ವೈಲೈಟ್ ಪ್ರಿನ್ಸೆಸ್' ಎಂಬ ಆಟಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು. ಅದರ ನಾಯಕ ಲಿಂಕ್ ಎಡಗೈಯಲ್ಲಿ ಕತ್ತಿ ಹಿಡಿಯುವವನು. ಹಳೆಯ ಗೇಮ್‌ಕ್ಯೂಬ್ ಯಂತ್ರಕ್ಕೆಂದು ಸಿದ್ಧವಾಗುತ್ತಿದ್ದ ಆ ಆಟವನ್ನು ವೀ ಯಂತ್ರಕ್ಕೂ ಹೊಂದಿಸಿದಾಗ ತೊಡಕೊಂದು ಕಾಣಿಸಿತು. ಆಡುವವರಲ್ಲಿ ಹೆಚ್ಚಿನವರು ರಿಮೋಟನ್ನು ಹಿಡಿಯುವುದು ಬಲಗೈಯಲ್ಲಿ. ಪರದೆಯ ಮೇಲೆ ಕತ್ತಿ ಬೀಸುವುದು ಎಡಗೈ. ನಾಯಕನ ಕೈಯೊಂದನ್ನೇ ಬದಲಿಸುವುದು ಸುಲಭವಿರಲಿಲ್ಲ. ಆದುದರಿಂದ ಅವರು ಇಡೀ ಲೋಕವನ್ನೇ ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಬಿಟ್ಟರು! ಪಶ್ಚಿಮದಲ್ಲಿದ್ದ ಮರಳುಗಾಡು ಪೂರ್ವಕ್ಕೆ ಬಂದಿತು. ನಮ್ಮ ನೆಲಕ್ಕೆ ಅನ್ವಯಿಸಿ ಹೇಳುವುದಾದರೆ, ಅರಸೀಕೆರೆ ತಿಪಟೂರಿನ ಪೂರ್ವಕ್ಕೆ ಬಂದು ಕುಳಿತಂತೆ, ಬೆಂಗಳೂರಿನ ರೈಲು ಪಶ್ಚಿಮಕ್ಕೆ ಮುಖಮಾಡಿ ಹೊರಟಂತೆ. ಎರಡು ಪಾಠಗಳೂ ೨೦೦೬ರಲ್ಲಿಯೇ ಹೊರಬಂದವು. ೨೦೧೬ರ ಪರಿಷ್ಕೃತ ಆವೃತ್ತಿಯಲ್ಲಿ ಮೂಲದ ದಿಕ್ಕುಗಳೇ ಮರಳಿ ಬಂದವು. ನಡುವೆ ೨೦೧೧ರಲ್ಲಿ ಬಂದ 'ಸ್ಕೈವರ್ಡ್ ಸ್ವೋರ್ಡ್' ಎಂಬ ಆಟದಲ್ಲಿ ನಾಯಕನನ್ನೇ ಬಲಗೈಯವನನ್ನಾಗಿ ಮಾಡಲಾಯಿತು. ಹೆಚ್ಚಿನವರ ಕೈಗಾಗಿ ಒಬ್ಬ ಎಡಗೈ ವೀರ ತನ್ನ ಕೈ ಬಿಟ್ಟುಕೊಟ್ಟನೆಂದು, ಸ್ವತಃ ಎಡಚನಾದ ನನಗೆ ಸ್ವಲ್ಪ ಬೇಸರವೂ ಆಯಿತೆನ್ನಿ.

ಇನ್ನು ಮಾತಿನ ಪಾಠಾಂತರ. 'ಮಾರಿಯೊ ಪಾರ್ಟಿ ೮' ಎಂಬ ಆಟ ಅಮೆರಿಕದಲ್ಲಿ ೨೦೦೭ರಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಒಬ್ಬ ಮಾಂತ್ರಿಕನು ಹೇಳುವ ಪ್ರಾಸದ ಮಂತ್ರದಲ್ಲಿ 'ಸ್ಪಾಸ್ಟಿಕ್' ಎಂಬ ಪದ ಬರುತ್ತದೆ. ಅಮೆರಿಕದವರ ಬಳಕೆಯಲ್ಲಿ ಅದಕ್ಕೆ ಹತೋಟಿ ತಪ್ಪಿದ್ದು ಎಂಬಷ್ಟೇ ಹಗುರವಾದ ಅರ್ಥ. ಬ್ರಿಟನ್ನಿನಲ್ಲಿ ಅದು ಮೆದುಳಿನ ಪಾರ್ಶ್ವವಾಯುವಿನಿಂದ ನರಳುವವರನ್ನು ಹೀಯಾಳಿಸುವ ಬೈಗುಳ. ಅಲ್ಲಿ ಅಂಥವರಿಗಾಗಿ ದುಡಿಯುತ್ತಿದ್ದ ಸಂಸ್ಥೆಯೊಂದು ತನ್ನ ಹೆಸರಿನಲ್ಲಿದ್ದ ಅದೇ ಪದವನ್ನು ಕೈಬಿಟ್ಟು ೧೯೯೪ರಲ್ಲಿ 'ಸ್ಕೋಪ್' ಎಂದು ಹೆಸರಿಟ್ಟುಕೊಂಡಿತ್ತೆಂದರೆ ಆ ಪದದ ವಿಷ ಎಷ್ಟೆಂಬುದನ್ನು ಊಹಿಸಬಹುದು. ೨೦೦೭ರ ಜುಲೈ ತಿಂಗಳಲ್ಲಿ ಬ್ರಿಟನ್ನಿನ ಅಂಗಡಿಗಳಿಗೆ ಬಂದ ಪ್ರತಿಗಳನ್ನು ನಿಂಟೆಂಡೊ ಹಿಂದಕ್ಕೆ ತರಿಸಿಕೊಂಡು, 'ಎರ್ರಾಟಿಕ್' ಎಂಬ ಪದವನ್ನು ಹಾಕಿ ಆಗಸ್ಟಿನಲ್ಲಿ ಮತ್ತೆ ಬಿಡುಗಡೆ ಮಾಡಿತು. ಇಂಗ್ಲಿಷೆಂಬುದು ಒಂದೇ ಭಾಷೆಯೆಂದು ತಿಳಿದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮಗೆ ಕಾಣಬೇಕಾಗಿಲ್ಲ. ಇಲ್ಲಿಂದ ಹೋದವನೊಬ್ಬ ಹುಬ್ಬಳ್ಳಿಯಲ್ಲಿ ಯಾರನ್ನಾದರೂ "ತಿಂಡಿ ಆಯಿತೆ?" ಎಂದು ಆದರದಿಂದ ಕೇಳಿ ನೋಡಲಿ, ಆ ಕಡೆ ತಿಂಡಿಯೆಂದರೆ ತುರಿಕೆ.

ಇವೆರಡು ಪಾಠಗಳನ್ನು ಹೋಲಿಸಿ ನೋಡುವುದೂ ಸುಲಭವಲ್ಲ. ಅಮೆರಿಕದ ಡಿಸ್ಕು ಯೂರೋಪಿನ ಯಂತ್ರದಲ್ಲಿ ಓಡುವುದಿಲ್ಲ. ಯಂತ್ರವನ್ನು ಹಾಗೆಯೇ ಕಟ್ಟಿದ್ದಾರೆ. ಎರಡು ಪ್ರತಿ ಬೇಕಾದವನು ಎರಡು ಯಂತ್ರ ಇಟ್ಟುಕೊಳ್ಳಬೇಕು, ಹಿಂದಿನ ವಿದ್ವಾಂಸರು ಓಲೆಪ್ರತಿಗಾಗಿ ಮಠದಿಂದ ಮಠಕ್ಕೆ ಅಲೆದಂತೆ.

ಕೈಬಿಟ್ಟ ಭಾಗಗಳ ವಿಷಯ ಇದಕ್ಕಿಂತ ಸ್ವಾರಸ್ಯವಾದುದು. ೨೦೦೬ರಲ್ಲಿ ಲಾಸ್ ಏಂಜಲೀಸಿನ ಪ್ರದರ್ಶನದಲ್ಲಿ ವೀ ಯಂತ್ರದ ಕ್ರೀಡೆಗಳನ್ನು ತೋರಿಸಿದಾಗ, ರಿಮೋಟನ್ನು ಕಾಗದದ ವಿಮಾನದಂತೆ ಹಿಡಿದು ಹಾರಿಸುವ ಆಟವೂ ಅವುಗಳ ಸಾಲಿನಲ್ಲಿತ್ತು. ಆ ವರ್ಷದ ಕೊನೆಗೆ 'ವೀ ಸ್ಪೋರ್ಟ್ಸ್' ಹೊರಬಂದಾಗ ಅದರಲ್ಲಿ ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್ ಎಂಬ ೫ ಆಟಗಳಿದ್ದವು, ವಿಮಾನವಿರಲಿಲ್ಲ. ಈ ಸಂಪುಟವು ಅಮೆರಿಕದಲ್ಲಿ ಯಂತ್ರದ ಜೊತೆಯಲ್ಲಿಯೇ ದೊರೆಯಿತು, ಜಪಾನಿನಲ್ಲಿ ಬೇರೆ ಬೆಲೆ ಕೊಡಬೇಕಾಗಿತ್ತು. ಒಟ್ಟು ೮ ಕೋಟಿ ೨೯ ಲಕ್ಷ ಪ್ರತಿಗಳಷ್ಟು ಹರಡಿತು. ಅಷ್ಟು ಮನೆಗಳಲ್ಲಿ ಯಾರಿಗೂ ವಿಮಾನ ಸಿಕ್ಕಲಿಲ್ಲ. ನಮ್ಮ ಸೀಮೆಯ ರೈತರು ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತವರಂತೆ ಇರುವುದಿಲ್ಲವೆ? ಹಾಗೆಯೇ ಇದೂ ಅಟ್ಟದಲ್ಲಿತ್ತು. ೨೦೦೯ರ 'ವೀ ಸ್ಪೋರ್ಟ್ಸ್ ರೆಸಾರ್ಟ್' ಎಂಬ ಆಟದಲ್ಲಿ ಅದು ದ್ವೀಪವೊಂದರ ಮೇಲೆ ಹಾರುವ ವಿಮಾನವಾಗಿ ಕೆಳಗಿಳಿದು ಬಂದಿತು. ಅಷ್ಟರಲ್ಲಿ ರಿಮೋಟಿಗೆ ತಿರುಚುವಿಕೆಯನ್ನೂ ಅಳೆಯುವ ಹೊಸ ಸಾಧನ ಕೂಡಿಕೊಂಡಿತ್ತು, ಕಾಯಿ ಕೊಬ್ಬರಿಯಾಗಿತ್ತು.

ಕೈಬಿಟ್ಟುದೆಲ್ಲ ಹೀಗೆ ಮರಳಿ ಬರುವುದಿಲ್ಲ. ಅನೇಕ ಆಟಗಳಲ್ಲಿ ಅವು ಡಿಸ್ಕಿನಲ್ಲಿಯೇ ಮೂಕವಾಗಿ ಬಿದ್ದಿರುತ್ತವೆ. ಕಡೆಯ ಗಳಿಗೆಯಲ್ಲಿ ಕಿತ್ತರೆ ಅದಕ್ಕೆ ತಗುಲಿಕೊಂಡ ಇನ್ನೊಂದು ಭಾಗ ಕುಸಿದೀತೆಂಬ ಭಯದಿಂದ, ಒಳಗೆ ಹೋಗುವ ಬಾಗಿಲನ್ನಷ್ಟೇ ಮುಚ್ಚಿ ಸುಮ್ಮನಾಗುವುದುಂಟು. ಮೂಡಲಪಾಯದ ಭಾಗವತರ ಪುಸ್ತಕವನ್ನು ನೋಡಿದವರಿಗೆ ಇದು ಹೊಸದಲ್ಲ. ಅದರಲ್ಲಿರುವ ಪದಗಳೆಲ್ಲವನ್ನೂ ಹಾಡಲು ಒಂದು ರಾತ್ರಿ ಸಾಲದು. ಬೆಳಗಾಗುತ್ತ ಬಂದರೆ ನಾಲ್ಕು ಪದ ಹಾರಿಸಿ ಯುದ್ಧಕ್ಕೆ ಬರುತ್ತಾರೆ. ಹಾರಿಸಿದ ಪದಗಳು ಪುಸ್ತಕದಲ್ಲಿರುತ್ತವೆ, ಕೇಳಿದವರ ಕಿವಿಯಲ್ಲಿರುವುದಿಲ್ಲ. ಆದರೆ ಪುಸ್ತಕ ಉಳಿಯಬೇಕಷ್ಟೆ. ವೀ ಯಂತ್ರಕ್ಕೆ ಆಟಗಳನ್ನು ನೇರವಾಗಿ ಇಳಿಸಿಕೊಳ್ಳುವ ಅಂಗಡಿ ೨೦೧೯ರ ಜನವರಿಯಲ್ಲಿ ಮುಚ್ಚಿತು; ಅಲ್ಲಿ ಮಾತ್ರ ದೊರೆಯುತ್ತಿದ್ದುವನ್ನು ಈಗ ನ್ಯಾಯವಾದ ದಾರಿಯಲ್ಲಿ ಕೊಳ್ಳುವಂತಿಲ್ಲ.

ನಾನು ಹೆಸರಿಸಿದ ಆಟಗಳಲ್ಲಿ ಒಂದೂ ಕನ್ನಡ ನುಡಿಯುವುದಿಲ್ಲ. ಅವನ್ನು ಮಾಡಿದವರ ಮನಸ್ಸಿನಲ್ಲಿ ನಮ್ಮ ಕೈ, ನಮ್ಮ ಕಿವಿ ಇದ್ದಿರಲಾರದು. ನಮ್ಮ ಕೈಯ ಆಟ ಚೌಕಾಬಾರ. ಅದಕ್ಕೆ ಮೂಲಪ್ರತಿಯೂ ಇಲ್ಲ, ಒಡೆಯನೂ ಇಲ್ಲ. ಚಿಕ್ಕನಾಯಕನಹಳ್ಳಿಯ ಹಳ್ಳಿಯೊಂದರಿಂದ ಬಂದ ನಮ್ಮಜ್ಜಿಯ ಪಾಠದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ತುರುವೇಕೆರೆ ಕಡೆಯಿಂದ ಬಂದ ನಮ್ಮ ಚಿಕ್ಕಮ್ಮ ಹಾಗೇನಿಲ್ಲವೆಂದು ವಾದಿಸುತ್ತಾರೆ. ಇಬ್ಬರೂ ಆಡಲು ಕುಳಿತಾಗ ಮೊದಲ ಕಾಲು ಗಂಟೆ ಕವಡೆ ಉರುಳುವುದಿಲ್ಲ, ಪಾಠನಿರ್ಣಯವೇ ನಡೆಯುತ್ತದೆ. ಇವೆರಡೂ ಶುದ್ಧಪಾಠಗಳೆಂಬುದು ನನ್ನ ಅಭಿಪ್ರಾಯ. ಆದರೆ ಇಲ್ಲಿ ಕೈಬಿಟ್ಟುದು ಯಾವ ಡಿಸ್ಕಿನಲ್ಲಿಯೂ ಬಿದ್ದಿರುವುದಿಲ್ಲ. ಹೋದ ಬೇಸಗೆಯಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಆಕೆಯ ನಿಯಮಗಳನ್ನೆಲ್ಲ ಒಂದು ನೋಟುಪುಸ್ತಕಕ್ಕೆ ಇಳಿಸಿದೆ. ೨೫ ಮನೆಗಳ ಪಟ ಪೂರ್ತಿಯಾಯಿತು. ಆಕೆಯ ತಾಯಿ ೬ ಕವಡೆ ಹಿಡಿದು ಆಡುತ್ತಿದ್ದ ೪೯ ಮನೆಗಳ ದೊಡ್ಡ ಪಟವನ್ನೂ ಅಜ್ಜಿ ಸೀಮೆಸುಣ್ಣದಿಂದ ಜಗಲಿಯ ಮೇಲೆ ಬರೆದು ತೋರಿಸಿದರು, ಕಟ್ಟೆಗಳನ್ನೂ ಗುರುತಿಸಿದರು. ಕಾಯಿ ಯಾವ ಮನೆಯಿಂದ ಒಳಕ್ಕೆ ತಿರುಗುತ್ತಿತ್ತೆಂಬುದು ಮಾತ್ರ ಅವರಿಗೆ ನೆನಪಾಗಲಿಲ್ಲ. ನೋಟುಪುಸ್ತಕದಲ್ಲಿ ಆ ಪುಟವನ್ನು ಹಾಗೆಯೇ ಬಿಟ್ಟಿದ್ದೇನೆ.