ಕಡಲಿಗೆ ಹೊರಟ ಬೇಮಳಖೇಡದವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಈ ರಜೆಗೆ ಗೋಕರ್ಣ, ಮುರುಡೇಶ್ವರ, ಮಲ್ಪೆ ಕಡೆ ಹೊರಡುವ ನಮ್ಮೂರಿನವರು, ಹುಮನಾಬಾದ್–ಬಸವಕಲ್ಯಾಣ ಸೀಮೆಯವರು, ಮಕ್ಕಳನ್ನು ಕರೆದೊಯ್ಯುವ ಮಾಸ್ತರರು ಗಾಡಿ ಹತ್ತುವ ಮೊದಲೇ ಇದನ್ನು ಓದಬೇಕು. ಓದು ಬಾರದ ಹಿರಿಯರಿಗೆ ಓದಿ ಹೇಳಬೇಕು.

ನಾವು ಬಾವಿ, ಕೆರೆಗಳ ನೀರು ಕಂಡವರು. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ತೋಟದ ಬಾವಿಯಲ್ಲಿ ಈಸು ಕಲಿತವರು ನಮ್ಮಲ್ಲಿ ಬಹಳ ಮಂದಿ. ಅದು ಒಳ್ಳೆಯ ವಿದ್ಯೆ. ಆದರೆ ಬಾವಿಯ ನೀರು ನಿಂತಲ್ಲೇ ನಿಲ್ಲುತ್ತದೆ, ನಾಲ್ಕು ಕೈ ಹಾಕಿದರೆ ಮೆಟ್ಟಿಲು ಸಿಗುತ್ತದೆ. ಕಡಲಿನ ನೀರು ನಿಮ್ಮನ್ನು ನಿಂತಲ್ಲಿ ನಿಲ್ಲಗೊಡುವುದಿಲ್ಲ. ಊರಲ್ಲಿ ಈಸುಗಾರ ಎಂದು ಹೆಸರು ಮಾಡಿದ ಹುಡುಗನೇ ಅಲ್ಲಿ ಎಲ್ಲರಿಗಿಂತ ಮುಂದೆ ಹೋಗುತ್ತಾನೆ, ಆದ್ದರಿಂದ ಅವನ ಮೇಲೆಯೇ ಹೆಚ್ಚು ಕಣ್ಣಿಡಬೇಕು.

2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದು ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅವರೂ ನಮ್ಮ ಮಕ್ಕಳಂತೆ ಕಡಲಿಲ್ಲದ ಸೀಮೆಯ ಮಕ್ಕಳು. ಈ ಸೂಚನೆ ಬರೆಯುವಾಗ ಆ ನಾಲ್ಕು ಮನೆಗಳು ನನ್ನ ಮನಸ್ಸಿನಲ್ಲಿವೆ. ಕೆಲವು ಮಾತು ಗಡುಸಾಗಿ ಬಂದಿದ್ದರೆ ಕಾರಣ ಅದೇ.

ಹೊರಡುವ ಕಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಾಟದ ಆಸೆಯಿಂದ ಕಡಲಿಗೆ ಹೋಗಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಮೀನಿಗೆ ಅದು ಮರಿ ಮಾಡುವ ಕಾಲ, ಮನುಷ್ಯನಿಗೆ ಅಪಾಯದ ಕಾಲ. ಹುಟ್ಟಿದಾಗಿನಿಂದ ಕಡಲಲ್ಲೇ ಬೆಳೆದವರು ದೋಣಿ ದಡಕ್ಕೆ ಎಳೆದಿಟ್ಟಿರುವಾಗ ನಾವು ನೀರಿಗಿಳಿಯುವುದು ಸಲ್ಲದು. ದಾರಿಯೂ ಆಗ ಭದ್ರವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ, ಅಲ್ಲಿ ನಿಂತಿದ್ದ ಗಾಡಿ, ಜನ ಎಲ್ಲ ಗಂಗಾವಳಿ ನದಿಗೆ ಹೋದದ್ದನ್ನು ಮರೆಯಬಾರದು. ದಸರೆಯ ರಜೆಯ ನಂತರದಿಂದ ಫೆಬ್ರುವರಿವರೆಗೆ ಹೋಗುವುದು ಒಳ್ಳೆಯದು.

ಕಲಬುರಗಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾಕ್ಕೆ ಇಳಿಯುವ ದಾರಿ ಸುಮಾರು ಆರುನೂರು ಕಿಲೋಮೀಟರ್. ಕ್ರೂಸರ್‌ನಲ್ಲಾಗಲಿ ಟಿಟಿಯಲ್ಲಾಗಲಿ ಇದನ್ನು ಒಬ್ಬನೇ ಡ್ರೈವರ್ ಕೈಯಲ್ಲಿ ಒಂದೇ ರಾತ್ರಿಯಲ್ಲಿ ಓಡಿಸಬಾರದು. ಹುಬ್ಬಳ್ಳಿಯಲ್ಲಿ ಮಲಗಿ, ಯಲ್ಲಾಪುರದಾಚೆಯ ಅರಬೈಲ್ ಘಟ್ಟವನ್ನು ಹಗಲಿನಲ್ಲಿ ಇಳಿಯಬೇಕು. ಸೀಟಿಗಿಂತ ಹೆಚ್ಚು ಜನ ಹತ್ತಿಸಬಾರದು. ಗಾಡಿಯಲ್ಲಿ ಮೂವತ್ತು ಮಾರು ಗಟ್ಟಿ ಹಗ್ಗ, ಮುಚ್ಚಳವಿರುವ ಎರಡು ಖಾಲಿ ಎಣ್ಣೆ ಕ್ಯಾನ್ ಇಟ್ಟುಕೊಳ್ಳಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

ನೀರಿಗಿಳಿಯುವ ಮುನ್ನ

ಮೊದಲು ಬಾವುಟ ನೋಡಬೇಕು. ಅರ್ಧ ಕೆಂಪು ಅರ್ಧ ಹಳದಿಯ ಎರಡು ಬಾವುಟಗಳ ನಡುವಿನ ಜಾಗ ಜೀವರಕ್ಷಕರ ಕಣ್ಣಳತೆಯಲ್ಲಿರುವ ಜಾಗ. ಅಲ್ಲಿ ಮಾತ್ರ ಇಳಿಯಬೇಕು. ಕೆಂಪು ಬಾವುಟ ಹಾರುತ್ತಿದ್ದರೆ ಇಳಿಯಬಾರದು. ಆರುನೂರು ಕಿಲೋಮೀಟರ್ ಬಂದಿದ್ದೇವೆ, ಕಾಲಾದರೂ ತೋಯಿಸಿಕೊಳ್ಳುತ್ತೇವೆ ಎಂದು ಜೀವರಕ್ಷಕರ ಮುಂದೆ ವಾದಕ್ಕೆ ನಿಲ್ಲಬಾರದು. ಕಡಲ ರಜೆಯ ಜನರಿಂದಲೇ ಹೊಟ್ಟೆ ಹೊರೆಯುವ ಸ್ಪೇನ್ ದೇಶದ ಬೆನಿಡಾರ್ಮ್‌ನಂಥ ಊರಿನಲ್ಲೂ ಹಸಿರು, ಹಳದಿ, ಕೆಂಪು ಬಾವುಟದ ಕಟ್ಟುಪಾಡಿದೆ. ಕೆಂಪು ಹಾರುವಾಗ ನೀರಿಗಿಳಿದವರಿಗೆ ಅಲ್ಲಿ ದಂಡ ಹಾಕುತ್ತಾರೆ. ಬಂದ ಅತಿಥಿ ಮುನಿಸಿಕೊಂಡಾನೆಂದು ಅವರು ಸಡಿಲ ಬಿಡುವುದಿಲ್ಲ. ನಮ್ಮಲ್ಲಿ ದಂಡ ಹಾಕುವವರು ಎದುರಿಗಿಲ್ಲದಿದ್ದರೂ ಬಾವುಟದ ಮಾತು ಒಂದೇ.

ಬಾವುಟವೂ ಇಲ್ಲ, ಜೀವರಕ್ಷಕರೂ ಇಲ್ಲ ಎಂಬ ದಡವಿದ್ದರೆ ಪಾದ ತೋಯಿಸಿ ಮರಳಿನಲ್ಲಿ ಕೂರಬೇಕು, ಅಷ್ಟೇ. ಧೈರ್ಯವಾಗಿ ಮಕ್ಕಳನ್ನು ಆಡಿಸಬೇಕೆನ್ನುವವರು ಹೊನ್ನಾವರದ ಕಾಸರಕೋಡಿಗಾಗಲಿ ಉಡುಪಿ ಕಡೆಯ ಪಡುಬಿದ್ರಿಗಾಗಲಿ ಹೋಗಿ. ಸ್ವಚ್ಛತೆ, ಸುರಕ್ಷತೆಗಾಗಿ ಕೊಡುವ ನೀಲಿ ಬಾವುಟದ ಮನ್ನಣೆ ಈ ಎರಡೂ ದಡಗಳಿಗೆ 2020ರಲ್ಲಿ ಸಿಕ್ಕಿತು.

ಭರತ, ಇಳತದ ವೇಳೆಯನ್ನು ಅಲ್ಲಿನ ಮೀನುಗಾರರನ್ನು ಕೇಳಿ ತಿಳಿಯಬೇಕು. ಸುಮಾರು ಆರು ತಾಸು ನೀರು ಏರುತ್ತದೆ, ಆರು ತಾಸು ಇಳಿಯುತ್ತದೆ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಶಿವರಾತ್ರಿ ಬರುವುದು ಅಮಾವಾಸ್ಯೆಯ ಹಿಂದಿನ ಚತುರ್ದಶಿಗೆ. ಗೋಕರ್ಣದಲ್ಲಿ ಸಮುದ್ರಸ್ನಾನಕ್ಕೆ ನಮ್ಮವರು ಹೆಚ್ಚು ಸೇರುವ ದಿನವೇ ನೀರು ಹೆಚ್ಚು ಜಗ್ಗುವ ದಿನವೂ ಹೌದು. ಅಂದು ಸ್ನಾನ ಮಾಡುವವರು ಮೊಣಕಾಲುದ್ದ ನೀರಿನಲ್ಲಿ ಕೂತು ತಂಬಿಗೆಯಿಂದ ನೀರು ಹಾಕಿಕೊಳ್ಳಿ. ಪುಣ್ಯ ಕಡಿಮೆಯಾಗುವುದಿಲ್ಲ.

ನೀರಿನಲ್ಲಿ

ಮಕ್ಕಳು ಕೈಗೆಟಕುವಷ್ಟು ಹತ್ತಿರ ಇರಬೇಕು. ಕಣ್ಣಿಗೆ ಕಂಡರೆ ಸಾಲದು. ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು, ಆ ದೊಡ್ಡವರ ಕೈಯಲ್ಲಿ ಫೋನ್ ಇರಬಾರದು. ಶಾಲೆಯವರು ಮಕ್ಕಳನ್ನು ಒಟ್ಟಿಗೇ ನೀರಿಗೆ ಬಿಡಬಾರದು. ಒಂದು ತಂಡ ಮೇಲೆ ಬಂದು ಎಣಿಕೆಯಾದ ಮೇಲೆಯೇ ಇನ್ನೊಂದು ತಂಡ ಇಳಿಯಬೇಕು. ಈಸು ಬಾರದವರಿಗೆ ಮೊಣಕಾಲೇ ಗಡಿ, ಬಲ್ಲವರಿಗೆ ಸೊಂಟ.

ಸೀರೆ ಉಟ್ಟುಕೊಂಡು ಅಲೆಯೊಳಗೆ ಹೋಗಬಾರದು. ತೋಯ್ದ ಸೀರೆ ಕಾಲಿಗೆ ಸುತ್ತಿಕೊಂಡರೆ ಎದ್ದು ನಿಲ್ಲಲಾಗುವುದಿಲ್ಲ. ಅವ್ವಂದಿರು, ಅತ್ತೆಯಂದಿರು ಪಾದ ತೋಯುವಷ್ಟರಲ್ಲೇ ಇರಲಿ, ಒಳಗೆ ಬರುತ್ತೇವೆನ್ನುವ ಹೆಣ್ಣುಮಕ್ಕಳು ಚೂಡಿದಾರ ಹಾಕಿಕೊಳ್ಳಲಿ. ಬಂಗಾರ ಊರಲ್ಲೇ ಬಿಟ್ಟು ಬರಬೇಕು. ಬಾವಿಯಲ್ಲಿ ಆಧಾರವಾಗುವ ಟಯರ್ ಟ್ಯೂಬನ್ನು ಕಡಲಿಗೆ ಒಯ್ಯಲೇಬಾರದು, ದಡದಿಂದ ಬೀಸುವ ಗಾಳಿ ಅದನ್ನು ಕೂತವರ ಸಮೇತ ಒಳಕ್ಕೆ ತಳ್ಳಿಕೊಂಡು ಹೋಗುತ್ತದೆ.

ಕುಡಿದವರು ನೀರಿಗಿಳಿಯಬಾರದು. ಇದಕ್ಕೆ ರಿಯಾಯಿತಿ ಇಲ್ಲ. ಗುಂಪಿನಲ್ಲಿ ಒಬ್ಬ ಕುಡಿದಿದ್ದರೂ ಉಳಿದವರು ಅವನನ್ನು ದಡದಲ್ಲಿ ಕೂರಿಸಿ ಜೊತೆಗಿರಬೇಕು. ಕತ್ತಲಾದ ಮೇಲೆ ಯಾರೂ ಇಳಿಯಬಾರದು. ಕಡಲಿಗೆ ಬೆನ್ನು ತಿರುಗಿಸಿ ಫೋಟೊಕ್ಕೆ ನಿಲ್ಲಬಾರದು. ಗೋಕರ್ಣದ ಓಂ ಬೀಚ್, ಕುಡ್ಲೆ ಕಡೆಯ ಬಂಡೆಗಳ ಮೇಲೆ ನೀರಿನ ತೇವ ಕಂಡರೆ ಅಲ್ಲಿಗೆ ಅಲೆ ಬರುತ್ತದೆಂದೇ ಅರ್ಥ. ತೇವದ ಬಂಡೆಗೆ ಕಾಲಿಡಬಾರದು, ಪಾಚಿ ಜಾರಿಸುತ್ತದೆ. ದೋಣಿ ಹತ್ತಿದರೆ ಲೈಫ್ ಜಾಕೆಟ್ ತೊಟ್ಟು ಪಟ್ಟಿಗಳನ್ನು ಬಿಗಿದ ಮೇಲೆಯೇ ಹೊರಡಲು ಬಿಡಬೇಕು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರಿಗೂ ಇದೇ ಮಾತು.

ಲೋಳೆ ಮೀನು ದಡಕ್ಕೆ ಬಿದ್ದಿದ್ದರೆ, ಸತ್ತಿದ್ದರೂ ಮುಟ್ಟಬಾರದು. ಮೈಗೆ ತಾಗಿ ಉರಿ ಎದ್ದರೆ ಮರಳಿನಿಂದ ಉಜ್ಜಬಾರದು, ಸಿಹಿನೀರು ಹಾಕಬಾರದು. ಕಡಲ ನೀರಿನಿಂದಲೇ ತೊಳೆದು ಡಾಕ್ಟರ ಬಳಿ ಹೋಗಬೇಕು.

ಬಿಸಿಲಿನದು ಬೇರೆ ಮಾತು. ನಮ್ಮ ನಲವತ್ತು ಡಿಗ್ರಿಯ ಒಣಬಿಸಿಲು ತಿಂದು ಬೆಳೆದವರಿಗೆ ಅಲ್ಲಿನ ಮೂವತ್ಮೂರು ಏನೂ ಅಲ್ಲವೆನಿಸುತ್ತದೆ. ಅಲ್ಲಿನ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಹನ್ನೊಂದರಿಂದ ನಾಲ್ಕರವರೆಗೆ ನೆರಳಲ್ಲಿರಬೇಕು, ನೀರಡಿಕೆಯಾಗದಿದ್ದರೂ ನೀರು, ಎಳನೀರು ಕುಡಿಯುತ್ತಿರಬೇಕು.

ಸೆಳವು ಹಿಡಿದರೆ

ಇದನ್ನು ಎರಡು ಸಲ ಓದಿ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕು. ಮಡಿ ತುಂಬಿದ ನೀರು ಬದುವಿನಲ್ಲಿ ತಗ್ಗು ಎಲ್ಲಿದೆಯೋ ಅಲ್ಲಿಂದಲೇ ಕೊಚ್ಚಿಕೊಂಡು ಹರಿಯುವಂತೆ, ಈ ನೀರು ಮರಳಿನ ಕೆಳಗಿನ ತಗ್ಗು ಹಿಡಿದು ಒಂದೇ ಪಟ್ಟಿಯಾಗಿ ಒಳಕ್ಕೆ ಓಡುತ್ತದೆ. ಜೋರಾದ ಸೆಳವು ಸೆಕೆಂಡಿಗೆ ಎರಡು ಮೀಟರ್ ವೇಗ ಮುಟ್ಟಬಹುದು. ಒಲಿಂಪಿಕ್ಸ್‌ನ ಈಸುಗಾರರೂ ಅದರ ಎದುರು ಈಸಿ ದಡ ಸೇರಲಾರರು.

ಮೋಸವಿರುವುದು ಅದರ ತೋರಿಕೆಯಲ್ಲಿ. ಎರಡೂ ಬದಿಗೆ ಅಲೆ ಒಡೆದು ಬಿಳಿ ನೊರೆ ಏಳುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಅಥವಾ ಮರಳು ಕದಡಿದಂತೆ ಕಾಣುತ್ತದೆ. ಅಲೆಯ ಅಂಜಿಕೆಯಿರುವ ನಮ್ಮವರು, ಇಲ್ಲಿ ನೀರು ಸಣ್ಣಗಿದೆ ಎಂದು ಮಕ್ಕಳನ್ನು ಇಳಿಸುವುದು ಸರಿಯಾಗಿ ಅಲ್ಲೇ. ಶಾಂತವಾಗಿ ಕಂಡ ಪಟ್ಟಿಯಲ್ಲಿ ಇಳಿಯಬಾರದು.

ಸಿಕ್ಕಿಬಿದ್ದರೆ ದಡದ ಕಡೆ ಮುಖ ಮಾಡಿ ಹೋರಾಡಬಾರದು. ಸೆಳವು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಜೀವ ಹೋಗುವುದು ಗಾಬರಿಯಿಂದ ದಣಿದಾಗ. ಅಂಗಾತ ತೇಲಿ ಒಂದು ಕೈ ಎತ್ತಿ ಕೂಗಬೇಕು. ಈಸು ಬಂದರೆ ದಡಕ್ಕೆ ಸಮನಾಗಿ ಎಡಕ್ಕೋ ಬಲಕ್ಕೋ ಈಸಿ ಪಟ್ಟಿಯಿಂದ ಹೊರಬಂದು, ನೊರೆಯಿರುವ ಕಡೆಯಿಂದ ಅಲೆಯ ಜೊತೆ ದಡಕ್ಕೆ ಬರಬೇಕು. ಬಾರದಿದ್ದರೆ ತೇಲುತ್ತಲೇ ಇರಬೇಕು, ಅಲೆ ಒಡೆಯುವ ಸಾಲಿನ ಆಚೆ ಸೆಳವು ಸಾಮಾನ್ಯವಾಗಿ ಸತ್ತುಹೋಗುತ್ತದೆ.

ದಡದಲ್ಲಿರುವವರು ಹಿಂದೆ ಹಾರಬಾರದು. ತಮ್ಮನ ಹಿಂದೆ ಅಣ್ಣ, ಅಣ್ಣನ ಹಿಂದೆ ಕಾಕಾ ಹಾರಿ ಒಂದೇ ಮನೆಯ ಮೂರು ಜೀವ ಹೋಗುವುದು ಹೀಗೆ. ಜೀವರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಹಗ್ಗದ ತುದಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಕಟ್ಟಿ ಎಸೆಯಿರಿ. ಕ್ಯಾನ್ ತೇಲಿಸುತ್ತದೆ, ಹಗ್ಗ ಎಳೆಯಲು ಬರುತ್ತದೆ.

ಮುಳುಗಿದವರನ್ನು ಮೇಲೆ ತಂದ ಮೇಲೆ ಹೊಟ್ಟೆ ಒತ್ತಬಾರದು, ಕಾಲು ಹಿಡಿದು ತಲೆಕೆಳಗು ಮಾಡಬಾರದು, ಹೆಗಲ ಮೇಲೆ ಹಾಕಿ ಗಿರ್ರನೆ ತಿರುಗಿಸಬಾರದು. ನಮ್ಮ ಕಡೆ ಬಾವಿಗೆ ಬಿದ್ದವರಿಗೆ ಇದನ್ನೇ ಮಾಡುತ್ತ ಬಂದಿದ್ದೇವೆ. ಇದರಿಂದ ಹೊಟ್ಟೆಯ ನೀರು ಶ್ವಾಸಕ್ಕೆ ನುಗ್ಗುತ್ತದೆ, ಬೆಲೆಬಾಳುವ ನಿಮಿಷಗಳು ಹೋಗುತ್ತವೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಸಲ ಉಸಿರು, ಮತ್ತೆ 30, ಮತ್ತೆ 2. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. 108ರ ಗಾಡಿ ಬರುವವರೆಗೆ ನಿಲ್ಲಿಸಬಾರದು. ಎದ್ದು ಕೂತು ಚೆನ್ನಾಗಿದ್ದೇನೆ ಎಂದರೂ, ನೀರು ಕುಡಿದು ಕೆಮ್ಮುತ್ತಿರುವವರನ್ನು ಆಸ್ಪತ್ರೆಗೆ ಒಯ್ಯಲೇಬೇಕು. ಊರಿನ ಹುಡುಗರೆಲ್ಲ ಇದನ್ನು ಹೊರಡುವ ಮೊದಲೇ ಆರೋಗ್ಯ ಕೇಂದ್ರದವರಿಂದ ಕೇಳಿ ಕಲಿಯಬೇಕು.

ಅಲ್ಲಿನ ಜನರ ನಡುವೆ

ಕಡಲ ದಡದ ಮರಳು ಖಾರ್ವಿ, ಹರಿಕಂತ್ರ, ಮೊಗವೀರ ಮೀನುಗಾರರ ದುಡಿಮೆಯ ಜಾಗ, ನಮಗೆ ಕಣ ಇದ್ದಂತೆ. ಒಣಗಲು ಹಾಕಿದ ಮೀನನ್ನು ತುಳಿಯಬಾರದು, ವಾಸನೆ ಎಂದು ಮೂಗು ಮುಚ್ಚಿ ನಗಬಾರದು. ಹರಡಿದ ಬಲೆ ದಾಟಬಾರದು. ರಂಪಣಿ ಬಲೆ ಎಳೆಯುವಾಗ ಹಗ್ಗದ ನಡುವೆ ನಿಲ್ಲಬಾರದು. ಬೇಕಾದರೆ ಕೇಳಿ ಕೈ ಜೋಡಿಸಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೊನ್ನಾವರದ ಟೊಂಕದ ಬಳಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಬೇಲಿ ಕಟ್ಟಿದ ಮರಳಿನ ಹತ್ತಿರ ಹೋಗಬಾರದು, ಟಾರ್ಚ್ ಹಾಕಬಾರದು. ಬುತ್ತಿಯ ಪೊಟ್ಟಣ, ಪ್ಲಾಸ್ಟಿಕ್ ಬಾಟಲಿ ಗಾಡಿಗೇ ವಾಪಸ್ ಬರಬೇಕು.

ಗೋಕರ್ಣದ ಮಹಾಬಲೇಶ್ವರ ಗುಡಿಗೆ ತೋಯ್ದ ಬಟ್ಟೆಯಲ್ಲಿ ಹೋಗಬಾರದು. ಗಂಡಸರು ಪಂಚೆ ಇಟ್ಟುಕೊಳ್ಳಿ, ಅಂಗಿ ತೆಗೆಯಬೇಕಾಗುತ್ತದೆ.

ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇರಲಿ, ಆದರೆ ಮೂರು ಹೊತ್ತೂ ಅದನ್ನೇ ಉಣ್ಣಬಾರದು. ಕುಚಲಕ್ಕಿ ಅನ್ನ, ತಂಬುಳಿ, ಮುರುಗಲ ಶರಬತ್ತು, ಮೇ ತಿಂಗಳಾದರೆ ಅಂಕೋಲೆಯ ಕರಿ ಇಷಾಡ ಮಾವು ತಿಂದು ನೋಡಬೇಕು.

ನೋಡಲೇಬೇಕಾದ್ದು

ಅಲೆಯಲ್ಲಿ ಆಡುವುದೊಂದೇ ಕಡಲ ರಜೆಯಲ್ಲ. ಬೇಸಿಗೆಯಲ್ಲಿ ಹೋದವರು ಮಕ್ಕಳಿಗೆ ಗೋಕರ್ಣದ ಪಕ್ಕದ ಸಾಣೀಕಟ್ಟೆಯ ಉಪ್ಪಿನಾಗರ ತೋರಿಸಬೇಕು. ಮಡಿಗೆ ಕಡಲ ನೀರು ಬಿಟ್ಟು, ಬಿಸಿಲಿಗೆ ಇಂಗಿಸಿ, ಹರಳು ಬಾಚುವುದನ್ನು ಒಕ್ಕಲು ಮನೆಯ ಮಗು ಕಂಡರೆ ತಟ್ಟನೆ ಅರ್ಥ ಮಾಡಿಕೊಳ್ಳುತ್ತದೆ. ಅಲ್ಲಿಂದ ಅಂಕೋಲೆ ದೂರವಿಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದ ಊರದು. ಕಾರವಾರಕ್ಕೆ ಹೋದವರು ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಚಾಪಲ್ ಯುದ್ಧನೌಕೆಯ ಒಳಹೊಕ್ಕು ನೋಡಬೇಕು. ಮುರುಡೇಶ್ವರದಲ್ಲಿ ಲಿಫ್ಟ್ ಹತ್ತಿ ಗೋಪುರದ ಮೇಲಿನಿಂದ ಕಡಲು ನೋಡಿದರೆ ಅಲೆಯ ಸಾಲು, ನೊರೆಯ ನಡುವಿನ ಕಪ್ಪು ಪಟ್ಟಿ ಬಿಡಿಸಿಟ್ಟಂತೆ ಕಂಡೀತು. ನೀರಿಗಿಳಿಯುವ ಮೊದಲೇ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ತೋರಿಸಬೇಕು.

ತಿರುಗಿ ಬರುವ ದಿನ ಬೆಳಗ್ಗೆ ಕಡೆಯ ಮುಳುಗು ಎಂದು ನೀರಿಗೆ ಹೋಗಬಾರದು. ಗಡಿಬಿಡಿಯಲ್ಲಿ ಎಣಿಕೆ ತಪ್ಪುತ್ತದೆ. ಹಿಂದಿನ ರಾತ್ರಿ ಡ್ರೈವರ್‌ಗೆ ಆರು ತಾಸಾದರೂ ನಿದ್ದೆಯಾಗಿರಬೇಕು. ಗಾಡಿ ಹೊರಡುವ ಮುನ್ನ ತಲೆ ಎಣಿಸಿ, ಹೆಸರು ಕೂಗಿ, ಪ್ರತಿಯೊಬ್ಬರ ಬಾಯಿಂದಲೂ ಉತ್ತರ ಬಂದ ಮೇಲೆಯೇ ಬಾಗಿಲು ಹಾಕಬೇಕು.